ದಾಳ ಎಸೆದು ಕೇಳಿದ ಕ್ಷಮೆ

ಅಕ್ಟೋಬರ್ ಹಿಡಿದಿತ್ತು. ತಗ್ಗಿನ ಹೊಲದಲ್ಲಿ ಒಂದು ಸಲ ಹಿಮ ಬಿದ್ದು ಹೋಗಿದ್ದರಿಂದ ಮೆಕ್ಕೆಜೋಳದ ಗರಿಗಳು ತುದಿಯಲ್ಲಿ ಬಿಳಿಚಿಕೊಂಡಿದ್ದವು. ದಂಟಿನಲ್ಲಿ ಮಾತ್ರ ಇನ್ನೂ ರಸವಿತ್ತು. ಅದು ಆರುವುದರೊಳಗೆ ಕತ್ತರಿಸಿ ಮೇವಿನ ಗೋಪುರ ತುಂಬಿಸಬೇಕು. ಶನಿವಾರ ಬೆಳಗಿನ ಹಾಲು ಕರೆದು ಮುಗಿಸಿದವಳೇ ನಾನು ಟ್ರ್ಯಾಕ್ಟರ್ ಹತ್ತಿದೆ. ನನ್ನ ಹಿಂದೆ ಕತ್ತರಿಸುವ ಯಂತ್ರ, ಅದರ ಹಿಂದೆ ಬಂಡಿ. ತುಂಬಿದ ಬಂಡಿ ಕಳಚಿಕೊಂಡು ಗೋಪುರದ ಬುಡಕ್ಕೆ ಎಳೆದೊಯ್ಯುವುದು, ಖಾಲಿ ಬಂಡಿ ತಂದು ಸಿಕ್ಕಿಸುವುದು ಗೇಲನ್ ಕ್ರೂಗರನ ಕೆಲಸ.

ಗೇಲನ್ ಬೇಲಿಯಾಚೆಯವನು. ನಮ್ಮ ಎರಡು ಮನೆಗಳ ನಡುವೆ ಮುಯ್ಯಾಳು ನಡೆದು ಬಂದಿರುವುದು ಅಪ್ಪಂದಿರ ಕಾಲದಿಂದ. ಹುಲ್ಲು ನಾನು ಕೊಯ್ಯುತ್ತೇನೆ, ಕಟ್ಟುವ ಯಂತ್ರ ಅವನದು. ಅವನ ಹೆಂಡತಿ ಬಿಟ್ಟುಹೋದ ಚಳಿಗಾಲದಲ್ಲಿ ಅವನ ಹಸುಗಳ ಹಾಲನ್ನೂ ನಾನೇ ಕರೆದಿದ್ದೆ. ಯಾರೂ ಲೆಕ್ಕ ಇಡುವುದಿಲ್ಲ. ಲೆಕ್ಕ ಇಟ್ಟರೆ ಅದು ಮುಯ್ಯಾಳಲ್ಲ, ಕೂಲಿ.

ಆಗಸ್ಟಿನಲ್ಲಿ ಕುದುರೆಮಸಾಲೆ ಹುಲ್ಲಿನ ಮೂರನೇ ಕೊಯ್ಲು ಮಾಡಿ ಒಣಗಲು ಹಾಕಿದ್ದೆ. ಗುರುವಾರ ಬಂದು ಕಟ್ಟಿಕೊಡುತ್ತೇನೆ ಎಂದಿದ್ದವನು ಬುಧವಾರವೇ ಇಂಡಿಯಾನಾಪೊಲಿಸ್‌ನ ಆಟದ ಸಂತೆಗೆ ಹೊರಟುಹೋದ. ನಾವು ಭಾನುವಾರಗಳಲ್ಲಿ ದಾಳ ಎಸೆದು ಆಡುವ ಕಥೆಯಾಟದ ನಿಯಮಪುಸ್ತಕದ ಹೊಸ ಆವೃತ್ತಿ ಅಲ್ಲಿ ಬಿಡುಗಡೆಯಾಗುವುದಿತ್ತು. ಸರದಿಯಲ್ಲಿ ಮುಂದೆ ನಿಲ್ಲಬೇಕಿತ್ತಂತೆ. ಶುಕ್ರವಾರ ಮಳೆ ಸುರಿಯಿತು. ಮರುವಾರ ನಾನು ನಾಮಕರಣವೊಂದಕ್ಕೆ ತಂಗಿಯ ಊರಿಗೆ ಹೋಗಿ ಬರುವಷ್ಟರಲ್ಲಿ ಹೊಲ ಗುಡಿಸಿದಂತೆ ಖಾಲಿಯಾಗಿತ್ತು, ಕಟ್ಟುಗಳೆಲ್ಲ ನನ್ನ ಕೊಟ್ಟಿಗೆಯ ಅಟ್ಟದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಬಿಸಿಲಿಗೆ ಚೆನ್ನಾಗಿ ಒಣಗಿರಬೇಕು ಅಂದುಕೊಂಡೆ. ಅವನಿಗೆ ಒಂದಿಡೀ ಸೇಬಿನ ಪೈ ಮಾಡಿ ಕಳಿಸಿದ್ದೆ.

ಒಣಗಿರಲಿಲ್ಲ. ಮೇಲಿನ ಸಾಲಿಗೆ ಗಾಳಿಯಲ್ಲಿ ಆರಿದ ಕಟ್ಟುಗಳನ್ನು ಇಟ್ಟಿದ್ದ, ಒದ್ದೆಯದೆಲ್ಲ ಅಡಿಗೆ. ಅಡಿಯವು ಒಳಗೊಳಗೇ ಬೆಂದು ಬೂಸಲು ಹಿಡಿದಿದ್ದವು. ಒಂದನ್ನು ಬಿಚ್ಚಿದರೆ ಬೂದಿಯಂಥ ಧೂಳು ಏಳುತ್ತಿತ್ತು, ಹಳೆಯ ಕಾಲುಚೀಲವನ್ನು ಬೆಲ್ಲದಲ್ಲಿ ಅದ್ದಿಟ್ಟಂಥ ವಾಸನೆ. ಕಂಡದ್ದನ್ನೆಲ್ಲ ಎಸೆದೆ. ಕಾಣದ್ದು ಹಸುಗಳ ಹೊಟ್ಟೆ ಸೇರಿತು. ಆ ಶನಿವಾರಕ್ಕೆ ಮುಂಚಿನ ವಾರ ಟಿಲ್ಡಾ ಎಂಬ ನನ್ನ ಕೆಂಪು ಹಸು ಕಂದು ಹಾಕಿಬಿಟ್ಟಿತು. ದಿನ ತುಂಬದೆ ಸತ್ತು ಹುಟ್ಟಿದ ಕರು, ಮೈಮೇಲೆ ಚರ್ಮರೋಗದಂಥ ಒಣ ಪದರ. ಪಶುವೈದ್ಯೆ ಅದನ್ನು ನೋಡಿ ಅಟ್ಟ ಹತ್ತಿದಳು, ಕಟ್ಟೊಂದರೊಳಗೆ ಕೈ ತೂರಿಸಿದಳು, ಮೂಸಿದಳು. “ಇದನ್ನ ಕಟ್ಟಿದ್ದು ಯಾರ್ರೀ? ಕಣ್ಣಿಲ್ವ ಅವರಿಗೆ?” ಎಂದಳು.

ಕಣ್ಣು ಬೇಕಿಲ್ಲ. ಒಂದು ಹಿಡಿ ಹುಲ್ಲನ್ನು ಕೈಯಲ್ಲಿ ತಿರುಚಿದರೆ ಸಾಕು, ನಮ್ಮಲ್ಲಿ ಯಾರಿಗಾದರೂ ತಿಳಿಯುತ್ತದೆ. ಗೇಲನ್ ತಿರುಚಿ ನೋಡಿದ್ದ. ತಿಳಿದೇ ಕಟ್ಟಿದ್ದ.

ಶನಿವಾರ ಬಂಡಿಯ ಕೊಂಡಿ ಕಳಚುವಾಗ ಅವನಿಗೆ ಹೇಳಿದೆ. “ಟಿಲ್ಡಾ ಕಂದು ಹಾಕಿಬಿಟ್ಟಿತು. ಹುಲ್ಲಿನ ಬೂಸಲಂತೆ.”

ಅವನು ಕೊಂಡಿಯ ಗೂಟವನ್ನೇ ನೋಡುತ್ತಿದ್ದ. “ಹೂಂ. ಒಂದೊಂದ್ಸಲ ಹಂಗಾಗುತ್ತೆ.” ಗೂಟ ಕಿತ್ತ. “ನಾಳೆ ಬರ್ತೀಯಲ್ಲ ಮಾರ್ಲಿಸ್? ಹೊಸ ಪುಸ್ತಕ ತರ್ತೀನಿ. ಎಲ್ಲ ಬದಲಾಯಿಸಿದಾರೆ ಮಾರಾಯ್ತಿ, ನೋಡಿದ್ರೆ ಖುಷಿಪಡ್ತೀಯ.”

ನಾನು ಮತ್ತೆ ಟ್ರ್ಯಾಕ್ಟರ್ ಹತ್ತಿದೆ. ಆ ದಿನವೆಲ್ಲ ಸಾಲಿನ ಮೇಲೆ ಸಾಲು ಹೊಡೆಯುತ್ತ ಒಂದೇ ನಿಶ್ಚಯ ಮಾಡಿದೆ. ಕರುವಿನ ಬೆಲೆ ನನಗೆ ಬೇಡ. ಒದ್ದೆ ಅಂತ ಗೊತ್ತಿದ್ದೂ ಕಟ್ಟಿದೆ, ತಪ್ಪಾಯಿತು ಎಂದು ಅವನ ಬಾಯಿಂದ ಬರಬೇಕು. ಬರದಿದ್ದರೆ ಮುಯ್ಯಾಳೂ ಇಲ್ಲ, ಆಟವೂ ಇಲ್ಲ.

ಆಟ ನಡೆಯುವುದು ಆರ್ವಿಡ್ ಸ್ಕೋಗನ್‌ನ ಹಳೆಯ ಚೀಸ್ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಇಗರ್ಜಿಯ ಪ್ರಾರ್ಥನೆ ಮುಗಿದ ಮೇಲೆ, ಸಂಜೆಯ ಹಾಲಿಗೆ ಮುಂಚೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗೋಡೆಗಳಲ್ಲಿ ಹುಳಿ ಹಾಲಿನ ವಾಸನೆ ಹಾಗೇ ಇದೆ. ಆರ್ವಿಡ್ ಕಥೆ ನಡೆಸುತ್ತಾನೆ; ಕಾಡು, ಕೋಟೆ, ದರೋಡೆಕೋರರು ಎಲ್ಲ ಅವನ ಬಾಯಲ್ಲಿ. ನಾವು ಮೂವರು ಆ ಕಥೆಯೊಳಗಿನ ಜನ. ನಾನು ಹೆಲ್ಗಾ ಎಂಬ ದೋಣಿಯವಳು. ಗೇಲನ್ ಒಬ್ಬ ಕಳ್ಳ. ಶಾಲೆಯ ಬಸ್ಸು ಓಡಿಸುವ ರೋಸಲಿ ಬೆನಿಷ್ ಒಬ್ಬ ದಂಡನಾಯಕಿ. ಯಾರಾದರೂ ಬೀಗ ಮುರಿಯಬೇಕು, ಗೋಡೆ ಹತ್ತಬೇಕು, ಸುಳ್ಳು ನಂಬಿಸಬೇಕು ಎಂದಾಗ ಅದು ಆಯಿತೋ ಇಲ್ಲವೋ ತೀರ್ಮಾನಿಸುವ ದಾರಿ ಪುಸ್ತಕದಲ್ಲಿರುತ್ತದೆ. ಪ್ರತಿ ಆವೃತ್ತಿಯೂ ಆ ದಾರಿಯನ್ನು ಬದಲಿಸಿದೆ. ನಮ್ಮ ಜಗಳಗಳೆಲ್ಲ ಅದರ ಸುತ್ತಲೇ.

ಆ ಭಾನುವಾರ ಮೇಜಿನ ಮೇಲೆ ನಾಲ್ಕೂ ಆವೃತ್ತಿಯ ಪುಸ್ತಕಗಳು ಇದ್ದವು. ಗೇಲನ್ ಹೊಗೆಯಾಡಿಸಿದ ಸಾಸೇಜು ಕಚ್ಚುತ್ತ, ಆ ಜಿಡ್ಡುಗೈಯಲ್ಲೇ ಹೊಸ ಪುಸ್ತಕದ ಹೊಳೆಯುವ ಹಾಳೆ ತಿರುವುತ್ತಿದ್ದ.

“ನಿಂದು ಆ ಕಂದು ರಟ್ಟಿನದು ಇದೆಯಲ್ಲ ಆರ್ವಿಡ್, ಮೊದಲ್ನೇದು, ಅದರಲ್ಲಿ ಏನಿದೆ? ಏನೂ ಇಲ್ಲ. ಬೀಗ ತೆಗೀತೀನಿ ಅಂದ್ರೆ ಹೆಂಗೆ ತೆಗೀತೀಯ ಹೇಳು ಅಂತೀಯ. ನನಗೇನು ಗೊತ್ತು? ನಾನೇನು ಕಳ್ಳನಾ?”

“ಹೇಳಿದ್ರೆ ತೆಗೀತಿತ್ತಲ್ಲೋ,” ಎಂದ ಆರ್ವಿಡ್. “ತಂತಿ ತೂರಿಸ್ತೀನಿ, ಕಿವಿ ಇಟ್ಟು ಕೇಳ್ತೀನಿ. ಚೆನ್ನಾಗಿ ಹೇಳ್ದೋರಿಗೆ ದಾಳಾನೇ ಬೇಕಿರ್ಲಿಲ್ಲ.”

“ಎರಡ್ನೇದೂ ಅಷ್ಟೇ. ನಿನ್ನ ಬುದ್ಧಿ ಹದಿಮೂರಾ, ಇಪ್ಪತ್ತು ಮುಖದ ದಾಳ ಎಸಿ, ಹದಿಮೂರರ ಒಳಗೆ ಬಿದ್ರೆ ಗೆದ್ದೆ. ಹಗ್ಗ ಕಟ್ಟೋಕೂ ಅದೇ, ರಾಜನ ಜೊತೆ ಮಾತಾಡೋಕೂ ಅದೇ. ಮೂರ್ನೇದು ಒಳ್ಳೇದಿತ್ತು. ಒಂದೊಂದು ಕೌಶಲಕ್ಕೂ ಬೇರೆ ಬೇರೆ ಅಂಕ ಕೂಡಿಡ್ತಾ ಹೋಗೋದು.”

“ಅದಕ್ಕೆ ನಿನ್ನ ಹಳೇ ಕಳ್ಳ ಹಗ್ಗ ಕಟ್ಟೋದರಲ್ಲಿ ಪಂಡಿತ, ಈಜು ಬರದೆ ಮುಳುಗಿ ಸತ್ತ,” ಎಂದೆ.

ರೋಸಲಿ ನಕ್ಕಳು. ಅವಳು ಮಾತಾಡುವಾಗ ತೊದಲುತ್ತಾಳೆ, ಆದ್ದರಿಂದ ಮಾತು ಕಡಿಮೆ. “ನ-ನನಗೆ ಮೂರ್ನೇದೇ ಇಷ್ಟ,” ಎಂದಳು. “ಮೊದಲ್ನೇದರಲ್ಲಿ ನಾನು ಬಾಯೇ ಬಿಡ್ತಿರ್ಲಿಲ್ಲ. ದಂಡಿಗೆ ಭಾ-ಭಾಷಣ ಮಾಡು ಅಂದ್ರೆ ಎಲ್ಲಿ ಮಾಡ್ಲಿ? ಮೂರ್ನೇದರಲ್ಲಿ ಅಂಕ ಹಾಕ್ದೆ, ಎಸೆದೆ. ದಂಡು ನನ್ನ ಹಿಂದೆ ಬಂತು.”

ಅದು ನಿಜ. ಅವಳು ಆ ದಾಳ ಎಸೆದ ದಿನ ನಾವೆಲ್ಲ ಎದ್ದು ಚಪ್ಪಾಳೆ ತಟ್ಟಿದ್ದೆವು. ಕಂದು ಪುಸ್ತಕವೇ ಸರಿ ಎಂದು ನಾನು ಎಂದೂ ವಾದಿಸದಿರುವುದಕ್ಕೆ ಅದೇ ಕಾರಣ.

“ಈಗ ಹೊಸದು ಕೇಳಿ,” ಎಂದ ಗೇಲನ್. “ಕೌಶಲ ಬೆರಳೆಣಿಕೆಯಷ್ಟು. ಒಂದು ದಾಳ, ಒಂದು ಕೂಡಿಕೆ, ಮುಗೀತು. ಮನವೊಲಿಕೆ ಅಂತ ಒಂದಿದೆ, ಅದು ಆಟಗಾರರ ಪಾತ್ರಗಳ ಮೇಲೂ ನಡೆಯುತ್ತೆ. ಗೆದ್ರೆ ಎದುರಿನವರು ಒಪ್ಪಲೇಬೇಕು. ನಾನು ಇದನ್ನೇ ಆಡೋದು ಇವತ್ತು.”

ಆರ್ವಿಡ್ ಹುಬ್ಬು ಹಾರಿಸಿದ. ಆದರೂ ಹೊಸದನ್ನು ಒಂದು ದಿನ ನೋಡೋಣವೆಂದು ಕಥೆ ಎತ್ತಿಕೊಂಡ. ಹಿಂದಿನ ಸಲ ಗೇಲನ್‌ನ ಕಳ್ಳ ಹೆಲ್ಗಾಳ ದೋಣಿಯನ್ನು ದರೋಡೆಕೋರರಿಗೆ ಬಿಟ್ಟುಕೊಟ್ಟು ಓಡಿಹೋಗಿದ್ದ. ಈಗ ಹೊಳೆ ದಾಟಬೇಕು. ದಡದಲ್ಲಿ ಹೆಲ್ಗಾ ನಿಂತಿದ್ದಾಳೆ.

“ಅವಳ ಹತ್ರ ಕ್ಷಮೆ ಕೇಳ್ತೀನಿ,” ಎಂದ ಗೇಲನ್.

“ಏನಂತ?” ಎಂದ ಆರ್ವಿಡ್, ಹಳೆಯ ರೂಢಿಯಂತೆ.

“ಏನಂತ ಯಾಕೆ? ಮನವೊಲಿಕೆ.” ಬೆರಳು ನೆಕ್ಕಿಕೊಂಡು ದಾಳ ಎತ್ತಿದ, ಎಸೆದ. ದಾಳ ಚೀಸಿನ ತಟ್ಟೆಗೆ ತಾಗಿ ನಿಂತಿತು. ಹತ್ತೊಂಬತ್ತು. “ಅದರ ಮೇಲೆ ಒಂಬತ್ತು ಕೂಡಿಕೆ. ಇಪ್ಪತ್ತೆಂಟು! ನಿನ್ನ ಹೆಲ್ಗಾ ಕ್ಷಮಿಸಿಬಿಟ್ಳು ಕಣೇ.” ಆಮೇಲೆ ಬಿಯರ್ ಎತ್ತಿಕೊಂಡು, ನನ್ನತ್ತ ಒಂದು ಕಣ್ಣು ಹೊಡೆದು, “ಆ ಹುಲ್ಲಿನ ವಿಷಯಾನೂ ಇದರಲ್ಲೇ ಸೇರಿಸ್ಕೋ,” ಎಂದ.

ನಾನು ಆ ದಾಳವನ್ನು ನೋಡಿದೆ. ಸಾಸೇಜಿನ ಜಿಡ್ಡು ಅದರ ಅಂಚಿನಲ್ಲಿ ಹೊಳೆಯುತ್ತಿತ್ತು. ಮೂಗಿನೊಳಗೆ ಬೂಸಲಿನ ವಾಸನೆ ಏರಿ ಬಂತು, ಮುಂದಿದ್ದ ಕುಂಬಳದ ಕೇಕಿನ ತುಂಡನ್ನು ಆಚೆ ಸರಿಸಿದೆ.

“ಯಾವ ಹುಲ್ಲು?” ಎಂದ ಆರ್ವಿಡ್.

“ಒದ್ದೆ ಹುಲ್ಲು ಕಟ್ಟಿ ಅಟ್ಟಕ್ಕೇರಿಸಿದಾನೆ,” ಎಂದೆ. “ನನ್ನ ಹಸು ಕಂದು ಹಾಕಿಬಿಟ್ಟಿತು.”

ಆರ್ವಿಡ್ ಹೊಸ ಪುಸ್ತಕವನ್ನು ನಿಧಾನವಾಗಿ ಮುಚ್ಚಿ ಗೇಲನ್‌ನ ಕಡೆ ಸರಿಸಿದ.

“ಎಸೆಯೋದು ಬೇಡ ಗೇಲನ್,” ಎಂದೆ. “ಕಂದು ಪುಸ್ತಕದ ಹಾಗೆ ಆಡು. ಏನು ಹೇಳ್ತೀಯೋ ಹೇಳು. ನಾನು ಕೇಳ್ತೀನಿ.”

“ಏನೇ ಇದು, ನ್ಯಾಯಾಲಯನಾ? ನಂಗೆ ಮಾತು ಬರಲ್ಲ ಅಂತ ನಿಂಗೊತ್ತು. ನನ್ನ ಕಳ್ಳನಿಗೆ ಒಂಬತ್ತು ಕೂಡಿಕೆ ಇದೆ, ನಂಗೆಲ್ಲಿದೆ? ಅದಕ್ಕೇ ಅಲ್ವ ಈ ನಿಯಮ ಮಾಡಿರೋದು? ರೋಸಲಿ ಎಸೆದ್ರೆ ಚಪ್ಪಾಳೆ, ನಾನು ಎಸೆದ್ರೆ ತಪ್ಪಾ?”

ರೋಸಲಿಯ ಮುಖ ಕೆಂಪಾಯಿತು. ಅವಳು ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಮಾತನ್ನು ಹೊರಡಿಸಲು ಹೆಣಗಿದಳು. ಯಾರೂ ಅವಳಿಗೆ ಪದ ಎತ್ತಿಕೊಡಲಿಲ್ಲ. “ನಾನು ಎ-ಎಸೆದಿದ್ದು ದಂಡನಾಯಕಿಗೆ. ನಮ್ಮಮ್ಮ ತೀರಿಕೊಂಡಾಗ ಸಮಾಧಿ ಹತ್ರ ಎದ್ದು ಮಾತಾಡ್ದೆ ಗೇಲನ್. ನೀ-ನೀನೂ ಇದ್ದೆ. ಎಷ್ಟು ಹೊತ್ತು ಹಿಡೀತು ನೋಡಿದ್ದೆ.”

ಗೇಲನ್ ನೆಲ ನೋಡಿದ. ಬಾಯಿ ತೆರೆದ. ತಪ್ಪಾಯಿತು ಎಂಬ ಮಾತು ಈಗ ಬರುತ್ತದೆ ಎಂದು ನಾನು ನಂಬಿದೆ. ದೇವರಾಣೆಗೂ ಎರಡು ಪದ ಸಾಕಿತ್ತು, ಹೇಗೆ ಬಂದರೂ ಸಾಕಿತ್ತು.

“ಇನ್ನೊಂದ್ಸಲ ಎಸೀಲಾ?” ಎಂದ.

ನಾನು ಕೋಟು ಎತ್ತಿಕೊಂಡೆ. “ಹಾಲಿನ ಹೊತ್ತಾಯ್ತು,” ಎಂದೆ. ಆಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು, “ನಾಳೆ ಬಂಡಿಗೆ ಬರಬೇಡ,” ಎಂದೆ.

ಬಂದ. ಸೋಮವಾರ ಮಂಜು ಹರಿಯುವ ಮುಂಚೆ ಅವನ ದೊಡ್ಡ ಗಾಡಿ ನನ್ನ ಕೊಟ್ಟಿಗೆಯ ಬಾಗಿಲಿಗೆ ಹಿಮ್ಮುಖವಾಗಿ ಬಂದು ನಿಂತಿತು, ತುಂಬ ಹುಲ್ಲಿನ ಕಟ್ಟು. ಅವನದೇ ಎರಡನೇ ಕೊಯ್ಲಿನದು. ಕೇಳದೆಯೇ ಅಟ್ಟ ಹತ್ತಿ ಕೊಳೆತ ಕಟ್ಟುಗಳನ್ನೆಲ್ಲ ಕೆಳಗೆಸೆದು ತಿಪ್ಪೆಗೆ ಎಳೆದ. ಧೂಳಿಗೆ ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಎಳೆದ. ತನ್ನದನ್ನು ಒಂದೊಂದಾಗಿ ಮೇಲೇರಿಸಿ ಜೋಡಿಸಿದ. ನಾನು ಅಡಿಯ ಸಾಲಿನಿಂದಲೇ ಒಂದು ಕಟ್ಟು ಎಳೆದು ಬಿಚ್ಚಿ ತಿರುಚಿ ನೋಡಿದೆ. ಗರಿಗರಿಯಾಗಿತ್ತು, ಎಲೆ ಉದುರಿರಲಿಲ್ಲ, ಚಹದ ಪುಡಿಯಂಥ ಪರಿಮಳ. ನಾನು ಕಳೆದುಕೊಂಡದ್ದಕ್ಕಿಂತ ಒಳ್ಳೆಯ ಹುಲ್ಲು.

ಮುಗಿಸಿ ಇಳಿದವನು ಕೈಗವಸು ಕಿತ್ತು ತೊಡೆಗೆ ಬಡಿದುಕೊಂಡ. “ಲೆಕ್ಕ ಸರಿಯಾಯ್ತಲ್ಲ?”

ಲೆಕ್ಕ! ನಮ್ಮ ಎರಡು ಮನೆಗಳ ನಡುವೆ ಆ ಪದ ಅಲ್ಲಿಯವರೆಗೆ ಬಂದಿರಲಿಲ್ಲ.

“ಹುಲ್ಲಿಂದು ಸರಿಯಾಯ್ತು,” ಎಂದೆ.

ಅವನು ನಿಂತ. ಗಾಡಿಯ ಇಂಜಿನ್ ಓಡುತ್ತಲೇ ಇತ್ತು. ಟಿಲ್ಡಾ ಸರಪಳಿ ಎಳೆದು ಹೊಸ ಹುಲ್ಲಿಗೆ ಮೂತಿ ಚಾಚಿತು. ಅವನು ಅದರ ಬೆನ್ನಿನ ಮೇಲೆ ಒಂದು ಸಲ ಕೈಯಿಟ್ಟ, ತೆಗೆದ, ಹೋಗಿ ಗಾಡಿ ಹತ್ತಿದ.

ಉಳಿದ ಜೋಳವನ್ನು ಆ ವಾರ ಗೇಲನ್ ಇಲ್ಲದೆಯೇ ಕತ್ತರಿಸಿದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ರೋಸಲಿ ಬಂಡಿ ಎಳೆದಳು. ದಿನದ ಕೊನೆಗೆ ಅವಳ ಕೈಗೆ ಕೂಲಿ ದುಡ್ಡಿನ ಲಕೋಟೆ ಕೊಟ್ಟೆ. ಬೇಡವೆನ್ನಲು ಅವಳು ಬಾಯಿ ತೆರೆದಳು, ಮಾತು ಹೊರಡುವುದರೊಳಗೆ ನಾನು ಲಕೋಟೆಯನ್ನು ಅವಳ ಕೋಟಿನ ಜೇಬಿಗೆ ತುರುಕಿದೆ. ಬೇಲಿಯಾಚೆ ಗೇಲನ್ ತನ್ನ ಗೋಪುರವನ್ನು ಒಬ್ಬನೇ ತುಂಬಿಸುತ್ತಿದ್ದ.