ನಾಲ್ಕು ಲೋಟ ಗಂಜಿ

ನನ್ನದು ಸಂಶಯದ ಸ್ವಭಾವ. ಹಾಲಿನವನು ತಂದ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ, ತಕ್ಕಡಿ ತಟ್ಟೆಯ ತಳ ಸವರಿ ಹುಣಸೆಹಣ್ಣು ಅಂಟಿಸಿದ್ದಾರೋ ಎಂದು ಪರೀಕ್ಷಿಸುತ್ತೇನೆ. ಅರಸೀಕೆರೆ ಸಂತೆಯಲ್ಲಿ ನನ್ನನ್ನು ಕಂಡರೆ ಸೊಪ್ಪಿನವರು ಬೇರೆ ಕಡೆ ನೋಡುತ್ತಾರೆ. ಇದರಿಂದಲೇ ನಮ್ಮ ಮನೆ ಉಳಿದಿದೆ ಎಂದು ನಂಬಿದ್ದವಳು ನಾನು. ತೊಂಬತ್ತೊಂಬತ್ತನೇ ಇಸವಿಯಲ್ಲಿ ನಮ್ಮ ಯಜಮಾನರು ಕಲ್ಲೇಶಪ್ಪನವರು ಕರಗತೊಡಗಿದಾಗಲೂ ನಾನು ಮೊದಲು ಹುಡುಕಿದ್ದು ಡಾಕ್ಟರನ್ನಲ್ಲ, ಯಾರ ಮೇಲೆ ಸಂಶಯ ಪಡಬಹುದು ಎಂಬುದನ್ನು.

ಇವರು ಕೊಬ್ಬರಿ ವ್ಯಾಪಾರದವರು, ಗಟ್ಟಿ ಆಳು. ಯುಗಾದಿಗೆ ಹೊಲಿಸಿದ ಅಂಗಿ ಗೌರಿಹಬ್ಬದ ಹೊತ್ತಿಗೆ ಗೂಟಕ್ಕೆ ತಗುಲಿಸಿದಂತೆ ಮೈಮೇಲೆ ಜೋತಾಡುತ್ತಿತ್ತು. ಊಟ ಬಿಟ್ಟಿದ್ದರೆ ಅರ್ಥವಾಗುತ್ತಿತ್ತು. ಎರಡು ಮುದ್ದೆ ಉಣ್ಣುತ್ತಿದ್ದವರು ಮೂರು ಉಣ್ಣುತ್ತಿದ್ದರು, ಆದರೂ ಮೂಳೆ ಕಾಣುತ್ತಿತ್ತು. ಪಿತ್ತ ಕೆರಳಿದೆ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟೆ, ಓಂಕಾಳು ಅಗಿಸಿದೆ, ನಿಂಬೆಹಣ್ಣು ಹಿಂಡಿ ಸೋಡಾ ಕುಡಿಸಿದೆ. ಯಾವುದೂ ಹತ್ತಲಿಲ್ಲ.

"ಉಂಡಿದ್ದು ಮೈಗೆ ಹತ್ತಲ್ಲ ಅಂದ್ರೆ ಅದು ಕೈಮದ್ದೇ ಕಣ್ರೀ," ಅಂದಳು ಪಕ್ಕದ ಮನೆಯ ಸಾವಿತ್ರಮ್ಮ. "ಯಾರೋ ಊಟದಾಗೆ ಇಕ್ಕವ್ರೆ."

ಆಗದವರು ಅನ್ನದಲ್ಲಿ ಏನೋ ಬೆರೆಸಿಕೊಟ್ಟರೆ ಅದು ಹೊಟ್ಟೆಯೊಳಗೆ ಅಂಟಿಕೊಂಡು ಉಂಡದ್ದನ್ನೆಲ್ಲ ತಾನೇ ತಿನ್ನುತ್ತದೆ ಎಂಬ ನಂಬಿಕೆ ನಮ್ಮ ಕಡೆ ಉಂಟು. ಅದನ್ನು ಸೊಪ್ಪಿನ ರಸ ಕುಡಿಸಿ ಕಕ್ಕಿಸುವವರೂ ಇದ್ದಾರೆ. ಬಿಕ್ಕೋಡಿನ ಹತ್ತಿರ ಗಿಡ್ಡಯ್ಯ ಎಂಬೊಬ್ಬನಿದ್ದಾನೆ ಎಂದು ಕೇಳಿ, ಹಳೇಬೀಡು, ಬೇಲೂರು ದಾಟಿ, ಕೊನೆಗೆ ಜೀಪು ಹತ್ತಿ ಇವರನ್ನು ಕರೆದುಕೊಂಡು ಹೋದೆ.

ಗಿಡ್ಡಯ್ಯ ಮಾತಿನವನಲ್ಲ. ತೆಂಗಿನ ಚಿಪ್ಪಿನಲ್ಲಿ ಗಟ್ಟಿ ಅಕ್ಕಿಗಂಜಿ ತಂದು ಇವರಿಂದ ಅದರೊಳಗೆ ಮೂರು ಸಲ ಉಗುಳಿಸಿದ. ಮೇಲೆ ಮುತ್ತುಗದ ಎಲೆ ಮುಚ್ಚಿ ಎಲೆಅಡಿಕೆ ಹಾಕಿಕೊಂಡು ಕೂತ. ಬಾಯಿ ಕೆಂಪಾದ ಮೇಲೆ ಎಲೆ ತೆಗೆದು ಚಿಪ್ಪು ವಾಲಿಸಿದ. ಮುದ್ದೆಯಂತಿದ್ದ ಗಂಜಿ ನೀರಾಗಿ ಹರಿಯಿತು.

"ಮದ್ದು ಬಿದ್ದೈತೆ," ಅಂದ. "ಗಂಜೀನೇ ಹಿಂಗೆ ಕರಗಿಸ್ತದೆ ಅಂದ್ರೆ ಒಳಗೆ ಕರುಳನ್ನ ಎಷ್ಟು ಕರಗಿಸ್ಬೇಡ? ಹೊರಗೆ ಯಾರ ಮನೇಲಿ ಉಂತಾರೆ ಇವ್ರು?"

ಅವನು ಯಾರ ಹೆಸರನ್ನೂ ಹೇಳಲಿಲ್ಲ. ಹೇಳಿದವಳು ನಾನು. "ಹಾರನಹಳ್ಳಿ ಹನುಮಯ್ಯನ ಮನೇಲಿ," ಅಂದೆ.

"ಬಾಯ್ಮುಚ್ಚೇ," ಅಂದರು ಇವರು. ಆದರೆ ದನಿಯಲ್ಲಿ ಬಲವಿರಲಿಲ್ಲ.

ಹನುಮಯ್ಯ ಇವರ ಜೊತೆ ಶಾಲೆ ಓದಿದವರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ. ಇವರು ತೋಟದ ಕಾಯಿ ನೋಡಲು ಪ್ರತಿ ಮಂಗಳವಾರ ಹಾರನಹಳ್ಳಿಗೆ ಹೋದಾಗ ಮಧ್ಯಾಹ್ನ ಅಲ್ಲೇ ಊಟ. ಇವರಿಗೆಂದು ಅವತ್ತು ಸೊಪ್ಪು ಕಾಳು ಬಿಟ್ಟು ಬೇರೇನೂ ಬೇಯಿಸುವುದಿಲ್ಲವಂತೆ ಅವರ ಹೆಂಡತಿ ಚಲುವಮ್ಮ. ನನಗೆ ಅದು ಸರಿಬರುತ್ತಿರಲಿಲ್ಲ. ಅವರು ಯಾವ ಕೇರಿಯವರು ಎಂದು ನಾನು ಬಾಯಿಬಿಟ್ಟು ಆಡಿರಲಿಲ್ಲ, ಮನಸ್ಸಿನಲ್ಲಿ ಸಾವಿರ ಸಲ ಆಡಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ.

ಗಿಡ್ಡಯ್ಯ ಕೊಟ್ಟ ಸೊಪ್ಪಿನ ರಸಕ್ಕೆ ಇವರು ಕರುಳು ಬಾಯಿಗೆ ಬರುವ ಹಾಗೆ ಕಕ್ಕಿದರು. ಮನೆಗೆ ಬಂದ ಮೇಲೆ ಎದ್ದು ನಿಲ್ಲಲೂ ಆಗಲಿಲ್ಲ. ಆ ಭಾನುವಾರ ನಾನೊಬ್ಬಳೇ ಟೆಂಪೋ ಹತ್ತಿ ಹಾರನಹಳ್ಳಿಗೆ ಹೋಗಿ ಹನುಮಯ್ಯನ ಮನೆಯ ಬಾಗಿಲಲ್ಲಿ ನಿಂತೆ. ಹನುಮಯ್ಯ ಊರಲ್ಲಿರಲಿಲ್ಲ. ಚಲುವಮ್ಮ ಮೊರ ಹಿಡಿದು ಹೊರಗೆ ಬಂದಳು.

"ನಮ್ಮ ಯಜಮಾನರಿಗೆ ಊಟದಾಗೆ ಏನಿಕ್ಕಿದ್ದೀಯ, ಹೇಳು!" ಅಂದೆ. ಎದುರು ಮನೆಯವರಿಗೂ ಕೇಳಲಿ ಎಂದೇ ಅಂದೆ.

ಅವಳು ಮೊರ ಕೆಳಗಿಟ್ಟಳು. "ಮುದ್ದೆ ಇಕ್ಕಿದ್ದೆ ಕಣಮ್ಮ, ಸೊಪ್ಪಿನ ಸಾರು ಇಕ್ಕಿದ್ದೆ," ಅಂದಳು. "ಅಣ್ಣಾರು ಉಣ್ಣೋ ಅನ್ನಕ್ಕೆ ನಾನು ಬೇರೆ ಏನಿಕ್ಲಿ?"

ಇಂದು ಎಂಬ ಅವರ ಮಗಳು ಒಳಗಿಂದ ಬಂದಳು. ಹಳೇಬೀಡಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುವ ಮೇಡಂ, ರಜೆಗೆ ಮನೆಗೆ ಬಂದಿದ್ದಳು. ನಾನು ಗಂಜಿಯ ಕಥೆ ಹೇಳಿದೆ. ಅವಳಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಂಡಿತು, ಮಾತಿನಲ್ಲಿ ಬರಲಿಲ್ಲ.

"ಅಮ್ಮಾ, ಅದೇ ಪರೀಕ್ಷೆ ಇಲ್ಲೂ ಮಾಡೋಣ," ಅಂದಳು. "ಈ ಸಲ ನೀವೂ ಉಗುಳಿ."

"ನೀವು ಮಾಡಿದ ಗಂಜೀನ ನಾನು ನಂಬಲ್ಲ. ನೀರು ಸೇರಿಸಿದ್ರೆ?"

"ಹಾಗಾದ್ರೆ ನೀವೇ ಮಾಡಿ."

ಹಠಕ್ಕೆ ಬಿದ್ದವಳಿಗೆ ಎಲ್ಲಿ ಕಾಲಿಡುತ್ತಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ. ನಾನು ಒಂದು ಲೋಟ ನೀರು ಕೂಡ ಮುಟ್ಟದ ಮನೆಯ ಒಲೆಯ ಮುಂದೆ ಕೂತು, ಅವರ ಅಕ್ಕಿಯನ್ನು ನಾನೇ ತೊಳೆದು, ನಾನೇ ಬೇಯಿಸಿ, ಸೌಟು ನಿಲ್ಲುವಂಥ ಗಂಜಿ ಮಾಡಿದೆ. ಉಗುರು ಬೆಚ್ಚಗಾದ ಮೇಲೆ ನಾಲ್ಕು ಲೋಟಕ್ಕೆ ಬಗ್ಗಿಸಿದೆ. ಒಂದರಲ್ಲಿ ನಾನು ಉಗುಳಿದೆ, ಒಂದರಲ್ಲಿ ಚಲುವಮ್ಮ. ಇನ್ನೊಂದಕ್ಕೆ ಇಂದು ನಿಂಬೆಹುಳಿ ಹಿಂಡಿದಳು. ನಾಲ್ಕನೆಯದನ್ನು ಹಾಗೇ ಬಿಟ್ಟಳು. ಎಲ್ಲವನ್ನೂ ಕಲಕಿಟ್ಟು ಕಾದೆವು. ನಾನು ಲೋಟಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಕಾಲು ಗಂಟೆಯ ಮೇಲೆ ಇಂದು ಒಂದೊಂದನ್ನೇ ವಾಲಿಸಿದಳು. ಹಾಗೇ ಬಿಟ್ಟದ್ದು ಗಟ್ಟಿ. ನಿಂಬೆಹುಳಿಯದೂ ಗಟ್ಟಿ. ಚಲುವಮ್ಮನ ಎಂಜಲಿನ ಗಂಜಿ ನೀರು. ನನ್ನದೂ ನೀರು, ಅವಳದಕ್ಕಿಂತ ಒಂದು ಕೈ ಹೆಚ್ಚೇ.

"ನಿಮಗೆ ಯಾರಮ್ಮ ಕೈಮದ್ದು ಹಾಕಿದ್ದು?" ಅಂದಳು ಇಂದು.

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಮತ್ತೆ ಇದೇನು?" ಅಂದೆ.

"ಇದು ಕಿಣ್ವ. ಎಲ್ಲರ ಎಂಜಲಲ್ಲೂ ಇರುತ್ತೆ. ಗಂಜಿಯ ಪಿಷ್ಟನ ಕತ್ತರಿಸಿ ಸಕ್ಕರೆ ಮಾಡುತ್ತೆ."

"ನಿಂಬೆಹುಳಿ ಕತ್ತರಿಸಲ್ವಾ? ಜೀರ್ಣಕ್ಕೆ ಅಂತ ಅದನ್ನೇ ಕೊಡ್ತಿದ್ದೆ."

"ಹುಳಿ ಕೆಲಸ ಬೇರೆ. ಹೊಟ್ಟೆ ಒಳಗೂ ಹುಳಿ ಇದೆ, ಅದು ಊಟನ ಹದ ಮಾಡುತ್ತೆ, ಕ್ರಿಮಿ ಕೊಲ್ಲುತ್ತೆ. ಪಿತ್ತ ಸೀಗೆಕಾಯಿ ಥರ, ಜಿಡ್ಡನ್ನ ಸಣ್ಣ ಸಣ್ಣ ಹನಿ ಮಾಡಿಕೊಡುತ್ತೆ. ಕತ್ತರಿಸೋದು ಮಾತ್ರ ಕಿಣ್ವಾನೇ. ಅದರಲ್ಲೂ ಪಿಷ್ಟದ ಕಿಣ್ವ ಜಿಡ್ಡು ಮುಟ್ಟಲ್ಲ, ಜಿಡ್ಡಿಂದು ಬೇಳೆ ಮುಟ್ಟಲ್ಲ. ಒಂದು ಕತ್ತರಿಸಿದ್ಮೇಲೆ ತಾನು ಸವೆಯಲ್ಲ, ಮುಂದಿನದಕ್ಕೆ ಹೋಗುತ್ತೆ."

ನಮ್ಮ ಮಂಡಿಯ ಜವರಯ್ಯ ನೆನಪಾದ. ಅವನು ದಿನಕ್ಕೆ ಸಾವಿರ ಕಾಯಿ ಸುಲಿಯುತ್ತಾನೆ, ಒಂದು ಕೊಬ್ಬರಿ ಒಡೆ ಅಂದರೆ ಅದು ನನ್ನ ಕೆಲಸವಲ್ಲ ಅನ್ನುತ್ತಾನೆ.

"ನಾವು ಮುದ್ದೆ ನುಂಗೋ ಜನ," ಅಂದಳು ಇಂದು. "ಅಗಿಯಲ್ಲ, ಬಾಯಿಯ ಕಿಣ್ವಕ್ಕೆ ಹೊತ್ತೇ ಕೊಡಲ್ಲ. ಭಾರ ಎಲ್ಲ ಒಳಗಿನ ಮೇದೋಜೀರಕ ಗ್ರಂಥಿ ಮೇಲೆ. ಅದು ಕೆಟ್ಟರೆ ಎಷ್ಟು ಉಂಡರೂ ಅಷ್ಟೇ. ಅಂಕಲ್ ಹೊರಗೆ ಹೋದಾಗ ಮಲ ಜಿಡ್ಡು ಜಿಡ್ಡಾಗಿ, ಎಣ್ಣೆ ತೇಲಿದ ಹಾಗೆ ಇರುತ್ತಾ?"

ಮದುವೆಯಾಗದ ಹುಡುಗಿ ಕೇಳುವ ಮಾತೇ ಅದು? ಆದರೆ ಹಾಗೇ ಇತ್ತು. ಮೂರು ತಿಂಗಳಿಂದ ಹಾಗೇ ಇತ್ತು. ತಲೆ ಆಡಿಸಿದೆ.

"ನಾಳೆನೇ ಹಾಸನಕ್ಕೆ ಕರ್ಕೊಂಡು ಹೋಗಿ. ಇಲ್ಲಾಂದ್ರೆ ಉಳಿಯಲ್ಲ," ಅಂದಳು.

ಚಲುವಮ್ಮನಿಗೆ ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳದೆ ಚಪ್ಪಲಿ ಮೆಟ್ಟಿ ಬಂದುಬಿಟ್ಟೆ.

ಹಾಸನದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಗ್ರಂಥಿ ಕಲ್ಲುಗಟ್ಟಿ ಒಣಗಿದೆ, ಕಿಣ್ವ ಬರುವುದೇ ನಿಂತಿದೆ ಅಂದರು. ಅದು ಮತ್ತೆ ಚಿಗುರುವುದಿಲ್ಲ; ಬದುಕಿರುವವರೆಗೂ ಪ್ರತಿ ಊಟದ ಜೊತೆ ಹೊರಗಿಂದ ಕಿಣ್ವ ಕೊಡಬೇಕು, ಬಿಟ್ಟರೆ ಹೀಗೇ ಕರಗುತ್ತಾರೆ ಎಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಹೊರಗಿಂದ ಅಂದರೆ ಎಲ್ಲಿಂದ? ಮನೆಗೆ ಬಂದವಳೇ ಇಂದುವಿನ ಶಾಲೆಗೆ ಫೋನ್ ಮಾಡಿ ಕೇಳಿದೆ.

"ಕೇಳಲೇಬೇಕಾ ಅಮ್ಮಾ?" ಅಂದಳು.

"ಕೇಳಲೇಬೇಕು."

"ಹಂದಿದು. ಅದರ ಗ್ರಂಥಿಯಿಂದ ತೆಗೀತಾರೆ."

ಫೋನ್ ಇಟ್ಟು ಅಲ್ಲೇ ಕೂತೆ. ಇವರು ಕೊರಳಲ್ಲಿ ಲಿಂಗ ಕಟ್ಟಿದವರು, ಪೂಜೆಯಾಗದೆ ಹನಿ ನೀರು ಕುಡಿಯದವರು. ತಿಂದದ್ದು ಮೊಟ್ಟೆ ಹಾಕಿದ ಕೇಕು ಎಂದು ಗೊತ್ತಾಗಿ ಮೂರು ದಿನ ಉಪವಾಸ ಇದ್ದವರು. ಹೇಳಿದರೆ ಸಾಯುತ್ತಾರೆಯೇ ಹೊರತು ನುಂಗುವುದಿಲ್ಲ. ಹೇಳದಿದ್ದರೆ ಬದುಕುತ್ತಾರೆ. ನನಗೆ ಗಂಡ ಬೇಕಿತ್ತು. ಇದರಲ್ಲಿ ನನಗೆ ನಾಚಿಕೆಯಿಲ್ಲ.

ಕ್ಯಾಪ್ಸೂಲ್ ಕಣ್ಣಿಗೆ ಬಿದ್ದರೆ ತಾನೇ ಕೇಳುವುದು? ಬಿಚ್ಚಿ, ಒಳಗಿನ ಸಾಸಿವೆಯಂಥ ಕಾಳುಗಳನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಕುದಿಯುವ ಸಾರಿಗೆ ಬೆರೆಸಿ ಬಡಿಸಿದೆ. ಬಾಗಿಲು ಮರೆಯಲ್ಲಿ ನಿಂತು, ಅತ್ತ ಇತ್ತ ನೋಡಿಕೊಂಡು, ಸೆರಗಿನ ಗಂಟು ಬಿಚ್ಚಿ ಬೆರೆಸುವಾಗ ನನಗೆ ನನ್ನ ಕೈಯೇ ಹೊರಗಿನವರದ್ದು ಅನ್ನಿಸಿತು. ಚಲುವಮ್ಮ ಮಾಡಿದಳು ಎಂದು ನಾನು ಊರಿಗೆಲ್ಲ ಕೇಳಿಸಿದ ಕೆಲಸವನ್ನು ಈಗ ನಾನೇ ಮಾಡುತ್ತಿದ್ದೆ, ಹೊತ್ತಿಗೆ ಸರಿಯಾಗಿ ದಿನಕ್ಕೆ ಮೂರು ಸಲ.

ಹದಿನೈದು ದಿನವಾದರೂ ಇವರು ಒಂದು ಕೂದಲಿನಷ್ಟೂ ಚೇತರಿಸಲಿಲ್ಲ. ಔಷಧಿ ಅಂಗಡಿಯವನು ಮೋಸ ಮಾಡಿರಬೇಕು, ಇಲ್ಲ ಡಾಕ್ಟರೇ ತಪ್ಪಿರಬೇಕು. ಇವರನ್ನು ನೋಡಲು ನಮ್ಮ ಮನೆಗೆ ಬಂದ ಇಂದುವಿನ ಮುಂದೆ ಇಬ್ಬರನ್ನೂ ಬೈದೆ. ಹೇಗೆ ಕೊಡುತ್ತಿದ್ದೀರಿ ಎಂದು ಅವಳು ಕೇಳಿದಳು. ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಕುದಿಯೋ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗುತ್ತಾ ಅಮ್ಮಾ? ಕಿಣ್ವನೂ ಬಿಸಿ ತಡೆಯಲ್ಲ, ಕೆಟ್ಟು ಹೋಗುತ್ತೆ. ಹೊಟ್ಟೆಯ ಹುಳೀನೂ ತಡೆಯಲ್ಲ. ಅದಕ್ಕೇ ಆ ಕಾಳುಗಳ ಮೇಲೆ ಹುಳಿಗೆ ಕರಗದ ಪದರ ಇರೋದು, ಹೊಟ್ಟೆ ದಾಟಿ ಕರುಳಿಗೆ ಹೋದ್ಮೇಲೆ ಬಿಚ್ಚಿಕೊಳ್ಳಲಿ ಅಂತ. ನೀವು ಅದನ್ನೇ ಕುಟ್ಟಿದ್ದೀರ. ಇಡೀದಾಗಿ, ಅಂಕಲ್ ಕೈಗೇ ಕೊಡಬೇಕು."

ಅಂದರೆ ಕದ್ದು ಕೊಡುವಂತಿಲ್ಲ. ಕೈಗಿಟ್ಟು, ಮುಖ ನೋಡಿ ಸುಳ್ಳು ಹೇಳಬೇಕು. ಹೇಳಿದೆ. "ಪರಂಗಿಕಾಯಿ ಹಾಲಿಂದ ಮಾಡಿದ್ದಂತೆ, ಜೀರ್ಣಕ್ಕೆ," ಅಂದೆ. ಇವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನನ್ನನ್ನೂ ನೋಡಿದರು. ನುಂಗಿದರು.

ತಾನು ಕಳ್ಳ, ಪರರ ನಂಬ. ಅವತ್ತಿಂದ ಇವರ ಪ್ರತಿ ನೋಟವೂ ನನಗೆ ವಿಚಾರಣೆ. ಔಷಧಿ ಪೆಟ್ಟಿಗೆಯೊಳಗಿದ್ದ, ಅದು ಯಾವುದರಿಂದ ಮಾಡಿದ್ದು ಎಂದು ಬರೆದಿದ್ದ ಕಾಗದವನ್ನು ಒಲೆಗೆ ಹಾಕಿದೆ. ಇವರು ಕನ್ನಡಕ ಹುಡುಕಿದರೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ತಿಂಗಳೊಪ್ಪತ್ತಿನಲ್ಲಿ ಕೆನ್ನೆ ತುಂಬಿತು, ಅಂಗಿ ಮೈಗೆ ಕೂತಿತು.

ಮೇಲೇಳುತ್ತಿದ್ದಂತೆ ಇವರಿಗೆ ಹಾರನಹಳ್ಳಿ ನೆನಪಾಯಿತು. "ಹನುಮಯ್ಯನ ಮನೆಗೆ ಊಟಕ್ಕೆ ಹೋಗ್ತೀನಿ. ನೀನೂ ಬಾ," ಅಂದರು. ಚಲುವಮ್ಮನ ಬಾಗಿಲಲ್ಲಿ ನಾನು ಕೂಗಾಡಿದ್ದು ಇವರಿಗೆ ತಿಳಿದಿದೆಯೋ ಇಲ್ಲವೋ, ಕೇಳಲು ಧೈರ್ಯ ಬರಲಿಲ್ಲ. ಹೋದೆ.

ಚಲುವಮ್ಮ ಇಬ್ಬರಿಗೂ ತಟ್ಟೆ ಇಟ್ಟಳು. ನನ್ನ ಕಡೆ ನೋಡಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಹನುಮಯ್ಯ, ಇಂದು ಇಬ್ಬರೂ ಪಕ್ಕದಲ್ಲಿ ಕೂತಿದ್ದರು. ನಾನು ಸೆರಗಿನಿಂದ ಕ್ಯಾಪ್ಸೂಲ್ ತೆಗೆದು ಇವರ ಅಂಗೈಗಿಟ್ಟೆ. ಇವರು ಅದನ್ನು ಬಾಯಿಗೆ ಹಾಕಲಿಲ್ಲ.

"ಇಂದವ್ವಾ, ನೀನು ಓದಿದವಳು," ಅಂದರು. "ಇದು ಪರಂಗಿ ಹಾಲು ಅಂತಾಳೆ ಇವಳು. ಹೌದೇನು?"

ಇಂದುವಿನ ಮುಖ ಬಿಳಿಚಿತು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಇವಳು ಬಾಯಿಬಿಟ್ಟರೆ ಇವರ ಜೀವ ಹೋಯಿತು ಎಂದು ನಾನು ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದೆ. ಆಗ ಚಲುವಮ್ಮ ಸೌಟು ಹಿಡಿದು ನಮ್ಮ ನಡುವೆ ಬಗ್ಗಿದಳು. ಮಗಳು ಅವಳಿಗೆ ಎಲ್ಲ ಹೇಳಿದ್ದಳು, ಅದು ನನಗೆ ಗೊತ್ತಿತ್ತು. ಒಂದೇ ಒಂದು ಮಾತು ಸಾಕಿತ್ತು, ಅವತ್ತಿನ ಲೆಕ್ಕ ತೀರಿಹೋಗುತ್ತಿತ್ತು.

"ಉಣ್ಣೋ ಹೊತ್ನಲ್ಲಿ ಅದೇನ್ ಪರೀಕ್ಷೆ ಅಣ್ಣಾರೆ?" ಅಂದಳು. "ಕಟ್ಕೊಂಡ ಹೆಂಡ್ರು ಕೈಯಾರೆ ಕೊಡ್ತಾವ್ರೆ. ನಂಬಿ ನುಂಗಿ."

ಇವರು ನುಂಗಿದರು. ನಂಬಿ ಎಂಬ ಮಾತನ್ನು ಅವಳ ಬಾಯಿಂದ ಕೇಳಬೇಕಾಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. "ಚಲುವಮ್ಮಾ, ಅವತ್ತು ನಾನು ಆಡಿದ್ದು ತಪ್ಪು," ಅಂದೆ, ಎಲ್ಲರ ಎದುರಿಗೇ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯಾಚೆಯ ತೆಂಗಿನ ತೋಟ ನೋಡುತ್ತಾ ಕೂತಿದ್ದರು. ಆಮೇಲೆ ಅಂದರು, "ಪರಂಗಿ ಗಿಡ ನಮ್ಮ ಹಿತ್ತಲಲ್ಲೇ ಐತಲ್ಲೇ. ಅದರ ಹಾಲಿಗೆ ಹಾಸನಕ್ಕೆ ಯಾಕೆ ಹೋಗ್ತೀಯ?"

ನಾನು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಇವರು ಮತ್ತೆ ಕೇಳಲಿಲ್ಲ.

ಮಾರನೆಯ ದಿನ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತರು. ನಾನು ಸೆರಗಿನ ಗಂಟಿಗೆ ಕೈ ಹಾಕಲೋ ಬೇಡವೋ ಎಂದು ಒಲೆಯ ಹತ್ತಿರವೇ ನಿಂತಿದ್ದೆ. ಇವರು ತಟ್ಟೆಯ ಕಡೆ ನೋಡುತ್ತಲೇ ನನ್ನ ಕಡೆಗೆ ಅಂಗೈ ಚಾಚಿದರು.