ಮೊಮ್ಮಗಳ ಕಿವಿಗಾಗಿ ಕಾದ ಅಟ್ಟ

ಬಿಳಿಗೆರೆಯ ದೊಡ್ಡಣ್ಣನ ಕಿವಿಯ ಸುದ್ದಿ ನೀವು ಕೇಳಿಲ್ಲವೆಂದರೆ ನೀವು ತಿಪಟೂರು ಸೀಮೆಯವರೇ ಅಲ್ಲ. ತುರುವೇಕೆರೆಯ ತೋಟದಲ್ಲಿ ಒಂದು ತೆಂಗಿನಕಾಯಿ ಕಳಚಿ ಬಿದ್ದರೆ, ಬಿಳಿಗೆರೆಯ ಜಗಲಿಯಲ್ಲಿ ಕೂತ ದೊಡ್ಡಣ್ಣ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಮೊದ್ಲು ಗರಿ ಮ್ಯಾಲೆ ಬಿತ್ತು, ಆಮ್ಯಾಕೆ ನೆಲಕ್ಕೆ ಬಿತ್ತು ಕಣ್ಲಾ" ಎನ್ನುತ್ತಿದ್ದ. ಚಿಕ್ಕನಾಯಕನಹಳ್ಳಿಯ ಗುಡ್ಡದಲ್ಲಿ ಕುರಿ ಕೆಮ್ಮಿದರೆ ಅದು ಟಗರೋ ಮರಿಯೋ ಎಂದು ಹೇಳುತ್ತಿದ್ದ. ಇದರಲ್ಲಿ ಸುಳ್ಳೆಷ್ಟು ಎಂದು ಕೇಳಬೇಡಿ. ಅರ್ಧ ಕಳೆದರೂ ಉಳಿದದ್ದು ಮೂರು ತಾಲ್ಲೂಕಿಗೆ ಸಾಕು.

ಆದರೆ ಒಂದು ಮಾತು ಮಾತ್ರ ಅಪ್ಪಟ ನಿಜ. ಕಾಯಿ ಆಡಿಸಿ ನೋಡುವುದರಲ್ಲಿ ದೊಡ್ಡಣ್ಣನನ್ನು ಮೀರಿಸುವವರು ಇರಲಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಹೇಳುವುದು ಕಿವಿ. ಕಾಯನ್ನು ಕಿವಿಯ ಹತ್ತಿರ ಹಿಡಿದು ಆಡಿಸಿದಾಗ ಗಡಗಡ ಎಂದರೆ ಕೊಬ್ಬರಿ, ಗುಳುಕ್ ಎಂದರೆ ಇನ್ನೂ ನೀರು. ದೊಡ್ಡಣ್ಣನ ಮನೆಯಲ್ಲಿ ಇದಕ್ಕೊಂದು ಪದ್ಧತಿಯೇ ಇತ್ತು. ಮನೆಯ ಮಗುವಿಗೆ ಎಂಟು ತುಂಬಿದ ವರ್ಷ, ಅಟ್ಟ ಇಳಿಸುವ ದಿನ ಮೊದಲ ಮೂರು ಕಾಯಿಯನ್ನು ಆ ಮಗುವೇ ಆಡಿಸಿ ಹೇಳಬೇಕು. ದೊಡ್ಡಣ್ಣ ಹೇಳಿದ್ದ, ಅವನ ಮಗ ಗಂಗರಾಜು ಹೇಳಿದ್ದ. ಈ ವರ್ಷದ ಸರದಿ ಗಂಗರಾಜುವಿನ ಮಗಳು ಕೃತಿಕಾಳದು. ದೊಡ್ಡಣ್ಣ ಆರು ತಿಂಗಳ ಮೊದಲೇ ಊರೂರಿಗೆ ಹೇಳಿ ಬಂದಿದ್ದ.

ಕೃತಿಕಾಳ ಕಿವಿಯೋ ಎರಡು ವರ್ಷದಿಂದ ಸೋರುತ್ತಿತ್ತು. ಒಮ್ಮೆ ಬಲಗಿವಿ, ಒಮ್ಮೆ ಎಡಗಿವಿ, ನೆಗಡಿಯಾದರೆ ಎರಡೂ. ಅದಕ್ಕೆ ಮನೆಯಲ್ಲಿ ಮದ್ದಿಗೇನು ಬರವೇ? ಆ ಮನೆಯಲ್ಲಿ ಕೊಬ್ಬರಿ ಎಣ್ಣೆ ಮಾಡದ ಕೆಲಸವೇ ಇರಲಿಲ್ಲ. ತಲೆನೋವಿಗೆ ಎಣ್ಣೆ, ಹೊಟ್ಟೆನೋವಿಗೆ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಎಣ್ಣೆ. ಬೋರ್‌ವೆಲ್ ಮೋಟಾರು ಕೆಟ್ಟಾಗ ದೊಡ್ಡಣ್ಣ ಅದಕ್ಕೂ ನಾಲ್ಕು ಹನಿ ಬಿಟ್ಟಿದ್ದ. ಮೋಟಾರು ಕೇಳಲಿಲ್ಲ, ಆ ಮಾತು ಬೇರೆ.

ಒಂದು ಬೆಳಿಗ್ಗೆ ಸೊಸೆ ನಯನ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮಗಳ ಕಿವಿಗೆ ಬಿಡುವ ಹೊತ್ತಿಗೆ ಸರಿಯಾಗಿ ಆಶಾ ಕಾರ್ಯಕರ್ತೆ ಧನಲಕ್ಷ್ಮಿ ಹೊಸ್ತಿಲು ದಾಟಿ ಬಂದಳು.

"ಅಯ್ಯಯ್ಯೋ ನಯನಾ, ತಡಿಯೇ! ಸೋರೋ ಕಿವಿಗೆ ಎಣ್ಣೆ ಬಿಡ್ತಾರೇನೇ?"

ಜಗಲಿಯಿಂದ ದೊಡ್ಡಣ್ಣ ಕತ್ತು ಚಾಚಿದ. "ಏನಮ್ಮ ಧನಲಕ್ಷ್ಮಿ, ನಮ್ಮ ತೋಟದ ಎಣ್ಣೆ ಮ್ಯಾಲೇ ಕಂಪ್ಲೇಂಟಾ?"

"ನಿಮ್ಮ ಎಣ್ಣೆ ಬಂಗಾರದಂಥದು ಯಜಮಾನ್ರೆ. ತಲೆಗೆ ಹಚ್ಚಿ, ಒಗ್ಗರಣೆಗೆ ಹಾಕಿ. ಕಿವಿಗೆ ಮಾತ್ರ ಬ್ಯಾಡ. ಕಿವಿಯೊಳಗೆ ತಮಟೆ ಚರ್ಮದಂಗೆ ಒಂದು ತೆಳ್ಳನೆ ಪೊರೆ ಐತೆ. ಕಿವಿ ಸೋರ್ತಾ ಐತೆ ಅಂದ್ರೆ ಅದು ತೂತಾಗಿರಬೋದು. ಅದರೊಳಕ್ಕೆ ಎಣ್ಣೆ, ನೀರು ಹೋದ್ರೆ ಗಾಯ ಮಾಯಾಕಿಲ್ಲ, ಹೆಚ್ಚಾಯ್ತದೆ."

"ಕಿವಿ ಸೋರದೆ ಬೆಳೆದ ಮಕ್ಕಳು ಯಾರವ್ರೆ ತೋರ್ಸು? ನಂದೂ ಸೋರ್ತಿತ್ತು. ಈಗ ನೋಡು, ಈ ಕಿವಿ ಇಡೀ ಜಿಲ್ಲೆಗೆ ಒಂದೇ!"

"ನಿಮ್ಮ ಕಿವಿ ಹಂಗಿರ್ಲಿ. ಮಗು ಕರೆದ್ರೆ ತಿರುಗ್ತದಾ?"

"ಮೊಂಡಿ ಕಣಮ್ಮ ಅದು. ಬೇಕಾದಾಗ ಕೇಳುಸ್ತದೆ, ಬ್ಯಾಡದಾಗ ಇಲ್ಲ. ಥೇಟ್ ಅವರಜ್ಜಿ!"

ನಯನ ನಗಲಿಲ್ಲ. ಅವಳು ಮೆಲ್ಲಗೆ, "ಟೀವಿ ಸೌಂಡು ಜೋರಾಗಿ ಇಟ್ಕೊಳ್ತಾಳೆ ಅಕ್ಕ. ಉಕ್ತಲೇಖನದಲ್ಲಿ ಸೊನ್ನೆ ಬಂದೈತೆ. ಮುಂದಿನ ಬೆಂಚಲ್ಲಿದ್ದೋಳನ್ನ ಹಿಂದಕ್ಕೆ ಕೂರ್ಸವ್ರೆ. ಕಿವಿ ವಾಸನೆ ಬತ್ತದೆ ಅಂತ ಪಕ್ಕದ ಹುಡುಗೀರು ಮೂಗು ಮುಚ್ಕೊಳ್ತಾರಂತೆ" ಎಂದಳು.

"ಆಸ್ಪತ್ರೆಗೆ ತೋರ್ಸಾಣ ನಡಿ. ನಾನೂ ಬತ್ತೀನಿ."

"ಅಟ್ಟ ಇಳ್ಸೋದು ನಾಡಿದ್ದು!" ದೊಡ್ಡಣ್ಣ ಎದ್ದೇ ನಿಂತ. "ನಮ್ಮ ವಂಶದ ಕಿವೀಗೆ ಡಾಕ್ಟ್ರಾ? ನೀನೂ ಬಾ. ನನ್ನ ಮೊಮ್ಮಗಳು ಮೂರಕ್ಕೆ ಮೂರು ಹೇಳೋದನ್ನ ಕಣ್ತುಂಬ ನೋಡ್ಕೊಂಡು ಹೋಗು."

ಅಟ್ಟ ಇಳಿಸುವ ದಿನ ದೊಡ್ಡಣ್ಣನ ಅಂಗಳದಲ್ಲಿ ಸೇರಿದ ಜನ ಎಷ್ಟೆಂದರೆ, ತಡವಾಗಿ ಬಂದ ಒಂದು ನಾಯಿಗೂ ಜಾಗ ಸಿಗದೆ ಬೇಲಿಯ ಆಚೆ ನಿಂತು ನೋಡಬೇಕಾಯಿತು. ಪಕ್ಕದ ತೋಟದ ಹುಚ್ಚರಂಗಯ್ಯ ಎಲ್ಲರಿಗಿಂತ ಮುಂದೆ ಕೂತಿದ್ದ. ದೊಡ್ಡಣ್ಣ ಬೀಗುವಾಗ ಮೊಳೆ ಚುಚ್ಚುವುದೇ ನಲವತ್ತು ವರ್ಷದಿಂದ ಅವನ ಕಸುಬು.

ಹಸಿರು ಲಂಗ ತೊಟ್ಟ ಕೃತಿಕಾ ಮೊದಲ ಕಾಯಿ ಆಡಿಸಿದಳು. ಎದುರಿಗೆ ನಿಂತ ತಾತನ ಮುಖ ನೋಡಿದಳು. "ಕೊಬ್ಬರಿ" ಎಂದಳು. ಸುಲಿದು ಒಡೆದರೆ ಚಿನ್ನದಂಥ ಕೊಬ್ಬರಿ! ಎರಡನೆಯದನ್ನು ಆಡಿಸಿ ಮತ್ತೆ ತಾತನ ಮುಖ ನೋಡಿ, "ನೀರು" ಎಂದಳು. ಒಡೆದರೆ ನೀರು! ದೊಡ್ಡಣ್ಣನ ಮೀಸೆ ಅಟ್ಟಕ್ಕೇರಿತು.

"ಲೇ ದೊಡ್ಡಣ್ಣ," ಹುಚ್ಚರಂಗಯ್ಯ ಹಲ್ಲು ಕಿರಿದ. "ಕೊಬ್ಬರಿ ಅಂದ್ರೆ ನಿನ್ನ ಹುಬ್ಬು ಮ್ಯಾಕೆ ಹೋಯ್ತದೆ, ನೀರು ಅಂದ್ರೆ ತುಟಿ ಸೊಟ್ಟ ಆಯ್ತದೆ. ನೀನೇ ಹೇಳ್ಕೊಡ್ತಾ ಇದ್ದೀಯಲ್ಲೋ! ಅತ್ತ ತಿರುಗಿ ನಿಂತ್ಕೊಳ್ಲಾ."

"ತಿರುಗ್ದೆ ಕಣ್ಲಾ, ತಗಾ!" ಎಂದು ದೊಡ್ಡಣ್ಣ ಬೆನ್ನು ಮಾಡಿ ನಿಂತ.

ಕೃತಿಕಾ ಮೂರನೆಯ ಕಾಯಿ ಎತ್ತಿಕೊಂಡಳು. ಬಲಗಿವಿಗೆ ಹಿಡಿದು ಆಡಿಸಿದಳು, ಎಡಗಿವಿಗೆ ಹಿಡಿದು ಆಡಿಸಿದಳು. ದೊಡ್ಡಣ್ಣನಿಗೆ ಆ ದೂರಕ್ಕೂ ಗಡಗಡ ಎಂದು ಗುಡುಗಿನಂತೆ ಕೇಳುತ್ತಿತ್ತು. ಮಗು ಮತ್ತೆ ಆಡಿಸಿತು.

ಕೊನೆಗೆ ಮಗುವಿನ ದನಿ ಬಂತು. "ತಾತ, ಈ ಕಡೆ ತಿರುಗು ತಾತ. ನಿನ್ನ ಮುಖ ಕಾಣ್ದಿದ್ರೆ ನಂಗೆ ಗೊತ್ತಾಗಲ್ಲ."

ತುರುವೇಕೆರೆಯಲ್ಲಿ ಕಾಯಿ ಬಿದ್ದದ್ದು ಕೇಳುವ ಕಿವಿಗೆ, ತನ್ನ ಮನೆಯೊಳಗಿನ ಈ ಮಾತು ಎರಡು ವರ್ಷದಿಂದ ಕೇಳಿರಲಿಲ್ಲ. ಮೊಂಡಿ ಎಂದು ಬೈದದ್ದು, ಕರೆದರೆ ತಿರುಗಲಿಲ್ಲವೆಂದು ಬೆನ್ನಿಗೆ ಒಂದೇಟು ಹಾಕಿದ್ದು, ಎಲ್ಲವೂ ದೊಡ್ಡಣ್ಣನಿಗೆ ಒಟ್ಟಿಗೆ ನೆನಪಾಯಿತು. ಜನ ಅವನ ಬೆನ್ನು ನೋಡುತ್ತಲೇ ಇದ್ದರು.

"ಆಯ್ತಲ್ಲಪ್ಪ, ವಂಶದ ಕಿವಿ!" ಎಂದ ಹುಚ್ಚರಂಗಯ್ಯ.

ದೊಡ್ಡಣ್ಣ ತಿರುಗಿದ. ಮೊಮ್ಮಗಳ ಕೈಯಲ್ಲಿದ್ದ ಕಾಯಿ ತೆಗೆದುಕೊಂಡು ಅಟ್ಟದ ಮೇಲಿದ್ದ ಗಂಗರಾಜುವಿಗೆ ಎಸೆದ. "ಇದನ್ನ ಅಲ್ಲೇ ಮಡಗಿ ಇಳಿಲಾ ಕೆಳಕ್ಕೆ. ಏಣಿ ತೆಗೀರಿ. ನನ್ನ ಮೊಮ್ಮಗಳು ಕಿವೀಲಿ ಕೇಳಿ ಹೇಳೋಗಂಟ ಒಂದು ಕಾಯೂ ಕೆಳಕ್ಕೆ ಬರಕೂಡದು. ಹನ್ನೊಂದು ತಿಂಗ್ಳು ಕಾದೈತೆ ಅಟ್ಟ, ಇನ್ನೂ ಕಾಯ್ಲಿ. ಧನಲಕ್ಷ್ಮಮ್ಮ, ನಾಳೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ದೀಪ ಹಿಡಿದು ನೋಡಿ, ಒಳಗಿನದನ್ನೆಲ್ಲ ಹತ್ತಿಯಲ್ಲಿ ತೆಗೆದರು. "ಯಜಮಾನ್ರೆ, ಈ ಕಿವಿಯೊಳಗೆ ಒಂದು ಎಣ್ಣೆ ಗಾಣ ಹಾಕಬಹುದಿತ್ತು" ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. ಎರಡೂ ಪೊರೆಯಲ್ಲಿ ಸಣ್ಣ ತೂತಿದೆ. ಗಾಯ ಒಣಗಿದರೆ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ಆಪರೇಷನ್ ಇದೆ. ಇನ್ನೂ ತಡಮಾಡಿದ್ದರೆ ಒಳಗಿನ ಪುಟ್ಟ ಮೂಳೆಗಳಿಗೂ ಹಾನಿಯಾಗುತ್ತಿತ್ತು.

ಕಿವಿ ಪರೀಕ್ಷೆಯ ಕೋಣೆಯಲ್ಲಿ ಕೃತಿಕಾಳ ತಲೆಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗೆಲ್ಲ ಕೈ ಎತ್ತು ಎಂದರು. ಗಾಜಿನ ಆಚೆ ನಿಂತ ದೊಡ್ಡಣ್ಣ ನೋಡುತ್ತಲೇ ಇದ್ದ. ಯಂತ್ರದ ಗುಂಡಿ ತಿರುಗುತ್ತಿತ್ತು. ಮಗುವಿನ ಕೈ ಮಡಿಲಲ್ಲೇ ಇತ್ತು. ಆವತ್ತು ಅವನು ಯಾರ ಹತ್ತಿರವೂ ಏನನ್ನೂ ಕೊಚ್ಚಿಕೊಳ್ಳಲಿಲ್ಲ.

ಆದರೆ ದೊಡ್ಡಣ್ಣ ಒಂದು ಕೆಲಸ ಹಿಡಿದರೆ ಯಮನೂ ಬಿಡಿಸಲಾರ. ಡಾಕ್ಟರು ಬರೆದ ಮಾತ್ರೆ, ಡ್ರಾಪ್ಸು ಹೊತ್ತು ತಪ್ಪಲಿಲ್ಲ. ಮಗುವಿಗೆ ತಲೆಗೆ ನೀರು ಹಾಕುವ ದಿನ, ಹೇಳಿಕೊಟ್ಟಂತೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗಿಟ್ಟಿದ್ದಾರೋ ಇಲ್ಲವೋ ನೋಡಲು ಬಚ್ಚಲ ಬಾಗಿಲಲ್ಲಿ ಗಡಿ ಕಾಯುವ ಸೈನಿಕನ ಹಾಗೆ ನಿಂತ. ಕೆರೆಯಲ್ಲಿ ಮುಳುಗುವುದು ಬಂದ್. ಕಿವಿಗೆ ಪಿನ್ನು, ಕಡ್ಡಿ ಹಾಕುವವರನ್ನು ಕಂಡರೆ ಊರಾಚೆಗೂ ಅಟ್ಟಿಸಿಕೊಂಡು ಹೋದ. ಶಾಲೆಗೆ ಹೋಗಿ ಮೇಷ್ಟ್ರಿಗೆ ಕೈಮುಗಿದು, "ನನ್ನ ಮೊಮ್ಮಗಳು ದಡ್ಡಿ ಅಲ್ಲ ಸಾಮಿ, ಅವಳಿಗೆ ಕೇಳುಸ್ತಿರ್ಲಿಲ್ಲ" ಎಂದ. ಮರುದಿನವೇ ಕೃತಿಕಾ ಮುಂದಿನ ಬೆಂಚಿಗೆ ಬಂದಳು.

ಹತ್ತು ದಿನಕ್ಕೆ ಸೋರುವುದು ನಿಂತಿತು. "ವಾಸಿ ಆಯ್ತಲ್ಲಪ್ಪ, ಇನ್ನ್ಯಾಕೆ ಆಸ್ಪತ್ರೆ? ಬುಡು" ಎಂದ ಗಂಗರಾಜು.

"ಮ್ಯಾಲೆ ಸಿಪ್ಪೆ ಒಣಗೈತೆ ಅಂತ ಒಳಗೂ ಕೊಬ್ಬರಿ ಆಗಿರ್ತದೇನ್ಲಾ?" ದೊಡ್ಡಣ್ಣ ಗುಡುಗಿದ. "ಡಾಕ್ಟ್ರು ಸಾಕು ಅನ್ನೋಗಂಟ ಸಾಕಲ್ಲ."

ಕರೆದ ದಿನಕ್ಕೆಲ್ಲ ಹೋದರು. ನಾಲ್ಕನೆಯ ತಿಂಗಳು ಡಾಕ್ಟರು ಮತ್ತೆ ದೀಪ ಹಿಡಿದು ನೋಡಿ, ಎರಡೂ ತೂತು ಮುಚ್ಚಿವೆ ಎಂದರು. ಗಾಜಿನ ಕೋಣೆಯಲ್ಲಿ ಈ ಸಲ ಮಗುವಿನ ಕೈ ಏಳುತ್ತಲೇ ಇತ್ತು, ಏಳುತ್ತಲೇ ಇತ್ತು. ಗಾಜಿನ ಆಚೆ ದೊಡ್ಡಣ್ಣ ತನ್ನ ಕೈಯನ್ನೂ ಎತ್ತುತ್ತಿದ್ದ.

ಆ ವಾರವೇ ಅಟ್ಟಕ್ಕೆ ಏಣಿ ಬಿತ್ತು. ಯಾರೂ ಹೇಳುವ ಮೊದಲೇ ದೊಡ್ಡಣ್ಣ ಬೆನ್ನು ಮಾಡಿ ನಿಂತ. ಕೃತಿಕಾ ಮೊದಲನೆಯದು ಸರಿ ಹೇಳಿದಳು, ಎರಡನೆಯದೂ ಸರಿ ಹೇಳಿದಳು. ಮೂರನೆಯ ಕಾಯನ್ನು ಹುಚ್ಚರಂಗಯ್ಯನೇ ಹುಡುಕಿ ಹುಡುಕಿ ಕೊಟ್ಟ.

ಅವಳು ಆಡಿಸಿದಳು. ದೊಡ್ಡಣ್ಣ ಈ ಕಡೆ ತಿರುಗದೆಯೇ, "ಕೊಬ್ಬರಿ! ಏನ್ ಅನುಮಾನ?" ಎಂದುಬಿಟ್ಟ.

"ಇಲ್ಲ ತಾತ," ಎಂದಳು ಕೃತಿಕಾ, ಕಣ್ಣು ಮುಚ್ಚಿಕೊಂಡೇ. "ಒಳಗೆ ಚೂರು ನೀರೈತೆ."

ಹುಚ್ಚರಂಗಯ್ಯ ಕಾಯಿ ಸುಲಿದು ಒಡೆದ. ಒಂದೇ ಒಂದು ಚಮಚದಷ್ಟು ನೀರು ಅವನ ಅಂಗೈ ಮೇಲೆ ಬಿತ್ತು.

ಅರವತ್ತು ವರ್ಷದಲ್ಲಿ ದೊಡ್ಡಣ್ಣನ ಕಿವಿ ಸೋತದ್ದು ಅದೇ ಮೊದಲು. "ಸೋತೆ ಕಣ್ಲಾ ಹುಚ್ಚರಂಗ! ನನ್ನ ಮೊಮ್ಮಗಳ ಕೈಲಿ ಸೋತೆ ಕಣ್ಲಾ!" ಎಂದು ಅವನು ಕೂಗಿದ್ದು ತುಮಕೂರಿಗೂ ಕೇಳಿಸಿತಂತೆ. ಈಗಲೂ ಬಿಳಿಗೆರೆಗೆ ಹೋದವರನ್ನು ಆತ ಸುಮ್ಮನೆ ಬಿಡುವುದಿಲ್ಲ. ಕಾಫಿ ಕೊಟ್ಟು ಕೂರಿಸಿಕೊಂಡು ತಾನು ಸೋತ ಕಥೆ ಹೇಳಿಯೇ ಕಳಿಸುತ್ತಾನೆ. ಸೋಲನ್ನು ಇಷ್ಟು ಜಂಬದಿಂದ ಹೇಳಿಕೊಳ್ಳುವ ಮನುಷ್ಯ ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ.

ಅಪ್ಪಂದಿರೇ, ಅವ್ವಂದಿರೇ, ತಾತ ಅಜ್ಜಿಯರೇ, ನಾನು ಹೇಳಿದ್ದರಲ್ಲಿ ನಾಯಿ, ಗಾಣ, ತುಮಕೂರು ಬೇಕಾದರೆ ನಂಬಬೇಡಿ. ಕಿವಿಯ ಮಾತು ಮಾತ್ರ ನಂಬಿ. ಇವತ್ತೇ ನಿಮ್ಮ ಮಗುವಿನ ಬೆನ್ನ ಹಿಂದೆ ನಿಂತು, ಮುಖ ತೋರಿಸದೆ, ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ತಿರುಗಿದರೆ ಎತ್ತಿ ಮುದ್ದಾಡಿ. ತಿರುಗದಿದ್ದರೆ ಮೊಂಡು ಎಂದು ಬೈಯಬೇಡಿ, ಹೊಡೆಯಬೇಡಿ. ಕಿವಿ ಸೋರಿದರೆ, ನೋಯುತ್ತದೆ ಎಂದರೆ, ಓದಿನಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ತೋರಿಸಿ. ಎಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಅಟ್ಟದ ಕಾಯಿ ಎಷ್ಟು ತಿಂಗಳಾದರೂ ಕಾಯುತ್ತದೆ. ಮಗುವಿನ ಕಿವಿ ಕಾಯುವುದಿಲ್ಲ.