ನನ್ನ ಹೊಟ್ಟೆಯ ಕೊಯ್ಯದ ಹಾಳೆಗಳು

ನಾನು ಒಂದು ಪುಸ್ತಕ. ಬರೀ ಪುಸ್ತಕವೇ ಎಂದು ಮೂಗು ಮುರಿಯಬೇಡಿ. ಒಬ್ಬ ಮಹಾರಾಜನ ಕೈಯಿಂದ ಹದಿಮೂರು ಸೀಮೆಗಳನ್ನು ಕಿತ್ತುಕೊಂಡ ಪುಸ್ತಕ ನಾನು. ಅದೆಲ್ಲ ನಡೆದದ್ದು ನಾನು ಹುಟ್ಟುವುದಕ್ಕೆ ನೂರಾ ಇಪ್ಪತ್ತು ವರ್ಷ ಮೊದಲು ಎಂದು ಕೆಲವರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ಅಮೆರಿಕದ ಒಂದು ಬಂದರು ಪಟ್ಟಣದ ಅಚ್ಚುಕೂಟದಲ್ಲಿ ನಾನು ಹುಟ್ಟಿದೆ. ನನ್ನನ್ನು ಅಚ್ಚು ಹಾಕುವಾಗ ಯಂತ್ರ ಎಷ್ಟು ಅದುರಿತೆಂದರೆ, ಮೂರು ಬೀದಿ ಆಚೆ ಹಸುಗಳು ಹಾಲು ಕೊಡುವುದನ್ನು ನಿಲ್ಲಿಸಿದವು. ನಿಲ್ಲಿಸದೆ ಇನ್ನೇನು? ನನ್ನ ಹೊಟ್ಟೆಯಲ್ಲಿದ್ದ ಸರಕು ಅಂಥದ್ದು. ಆ ದೇಶ ಇನ್ನೂ ತೊಟ್ಟಿಲಲ್ಲಿದ್ದಾಗ ಅಲ್ಲಿಯ ಬುದ್ಧಿವಂತರು ಬರೆದ ಕರಪತ್ರ, ಕಾಗದ, ಜಗಳಗಳೆಲ್ಲ ನನ್ನೊಳಗಿದ್ದವು. ಹೆಂಗಸರ ಒಳರವಿಕೆಗೆ ಕಡ್ಡಿ ಕೂರಿಸಿ ಹೊಲಿಯುತ್ತಿದ್ದ ಒಬ್ಬ, ಸೂಜಿ ಬಿಟ್ಟು ಲೇಖನಿ ಹಿಡಿದು, ಹುಟ್ಟಿನಿಂದಲೇ ಒಬ್ಬ ದೊರೆಯಾಗುವುದು ಎಂಥ ನಗೆಪಾಟಲು ಎಂದು ಬರೆದದ್ದಿತ್ತು. ಎಲ್ಲರೂ ಸಮನಾಗಿ ಹುಟ್ಟಿದವರು ಎಂದು ಚಿನ್ನದಂಥ ಮಾತು ಬರೆದು, ಅದೇ ಮನೆಯಲ್ಲಿ ಗುಲಾಮರನ್ನು ದುಡಿಸಿಕೊಂಡವನಿದ್ದ. ಮೂವರು ಸೇರಿ ಒಂದೇ ಹಳೆಯ ರೋಮಿನ ಹೆಸರಿಟ್ಟುಕೊಂಡು ದೊಡ್ಡ ಸರಕಾರ ಬೇಕೆಂದು ವಾದಿಸಿದ್ದರು. ಸರಕಾರ ಆಮೇಲೆ ಕಟ್ಟಿರಿ, ಮೊದಲು ನಮ್ಮ ಹಕ್ಕು ಬರೆದುಕೊಡಿ ಎಂದು ಅವರ ಮೇಲೆ ಹರಿಹಾಯ್ದವರೂ ಇದ್ದರು. ಇಷ್ಟು ಜನ ಒಬ್ಬರಿಗೊಬ್ಬರು ಬೆನ್ನು ತಾಗಿಸಿಕೊಂಡು ನನ್ನೊಳಗೆ ಮಲಗಿದ್ದಾರೆ. ನನಗೆ ನಿದ್ದೆ ಎಲ್ಲಿಂದ ಬರಬೇಕು?

ಒಂದು ಸಂಗತಿ ಈಗಲೇ ಹೇಳಿಬಿಡಬೇಕು. ಆ ಕಾಲದಲ್ಲಿ ಎಷ್ಟೋ ಪುಸ್ತಕಗಳ ಅಂಚನ್ನು ಅಚ್ಚುಕೂಟದವರು ಕತ್ತರಿಸುತ್ತಿರಲಿಲ್ಲ. ದೊಡ್ಡ ಹಾಳೆ ಮಡಿಚಿ, ಹೊಲಿದು, ಹಾಗೇ ಕಳಿಸುತ್ತಿದ್ದರು. ಓದುವವನೇ ಚೂರಿ ಹಿಡಿದು ಮಡಿಕೆ ಕೊಯ್ಯಬೇಕು. ಕೊಯ್ಯದಿದ್ದರೆ ಒಳಗಿನ ಪುಟ ಕತ್ತಲಲ್ಲೇ ಉಳಿಯುತ್ತದೆ. ಹಾಗಾಗಿ ನನ್ನ ಒಡೆಯರು ಏನು ಓದಿದರು, ಏನು ಬಿಟ್ಟರು ಎಂಬುದಕ್ಕೆ ನನ್ನ ಮೈಯೇ ಸಾಕ್ಷಿ.

ಹಡಗು ಹತ್ತಿ ಮುಂಬಯಿಗೆ ಬಂದೆ. ದಾರಿಯಲ್ಲಿ ಮೂರು ಬಿರುಗಾಳಿಗಳನ್ನು ನಾನೊಬ್ಬನೇ ಎದುರಿಸಿದೆ. ಧಾರವಾಡದ ವಕೀಲ ಗಲಗಲಿ ಶೇಷಗಿರಿರಾಯರು ನನ್ನನ್ನು ಕೊಂಡರು. ಗಂಧದ ಚೂರಿಯಿಂದ ಅರವತ್ತು ಪುಟ ಕೊಯ್ದರು, ಆಕಳಿಸಿದರು, ಬಂದವರಿಗೆ ಕಾಣುವ ಹಾಗೆ ಗಾಜಿನ ಕಪಾಟಿನಲ್ಲಿಟ್ಟರು. ಇಪ್ಪತ್ತೆರಡು ವರ್ಷ ಅಲ್ಲಿ ನಿಂತೆ. ಕೊನೆಗೆ ಭಾಷಣ ಸ್ಪರ್ಧೆಯಲ್ಲಿ ಗೆದ್ದ ರಾಚಪ್ಪ ಎಂಬ ವಿದ್ಯಾರ್ಥಿಗೆ ನನ್ನನ್ನು ಬಹುಮಾನವಾಗಿ ಕೊಟ್ಟುಬಿಟ್ಟರು.

ಈ ರಾಚಪ್ಪ ಮುಂದೆ ಗುಳೇದಗುಡ್ಡದಲ್ಲಿ ಮಾಸ್ತರನಾದ. ನನ್ನನ್ನು ಹಸಿದವನು ರೊಟ್ಟಿ ಮುರಿದಂತೆ ಕೊಯ್ದು ಓದಿದ. ಎರಡೇ ಮಡಿಕೆ ಬಿಟ್ಟ. ಪರಿವಿಡಿಯಲ್ಲಿ ಒಂದರ ಮುಂದೆ ‘ಗೃಹಿಣಿಯೊಬ್ಬಳ ಕಾಗದ’ ಎಂದಿತ್ತು, ಇನ್ನೊಂದರ ಮುಂದೆ ‘ಗುಲಾಮರ ಅರ್ಜಿ’ ಎಂದಿತ್ತು.

“ಮನಿವಾರ್ತೆ ಕಾಗದದಾಗ ರಾಜಕೀಯ ಏನಿರ್ತದ?” ಎಂದು ಮಾಸ್ತರ ಮುಂದೆ ಹೋದ.

ನಾನೂ ಅವನ ಮಾತಿಗೆ ತಲೆದೂಗಿದೆ. ನಿಜ ಹೇಳಬೇಕೆಂದರೆ ಆ ಪುಟಗಳಲ್ಲಿ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ಆದರೆ ಸರ್ವಜ್ಞನ ಠೀವಿಯಲ್ಲಿ ಕೂತವನಿಗೆ ಹಾಗೆಲ್ಲ ಒಪ್ಪಿಕೊಳ್ಳಲಾಗುತ್ತದೆಯೇ?

ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ನೇಕಾರರ ಓಣಿಯ ಮೂವತ್ತೆಂಟು ಮಗ್ಗದವರು, ನೂಲು ಕೊಟ್ಟು ಬಟ್ಟೆ ಒಯ್ಯುತ್ತಿದ್ದ ಸಾವ್ಕಾರನನ್ನು ಬಿಟ್ಟು ತಮ್ಮದೇ ಒಂದು ಸಂಘ ಕಟ್ಟಲು ನಿಂತರು. ಇನ್ನು ಮೇಲೆ ನೂಲು ಸಂಘದಿಂದ, ಅದೂ ಸದಸ್ಯರಿಗೆ ಮಾತ್ರ. ಸಿಟ್ಟಾದ ಸಾವ್ಕಾರ ಇಡೀ ಓಣಿಗೆ ನೂಲು ನಿಲ್ಲಿಸಿದ. ನಿಯಮ ಬರೆಯುವ ಕೆಲಸ ಮಾಸ್ತರನ ಪಾಲಿಗೆ ಬಂತು. ಅಂದರೆ ನನ್ನ ಪಾಲಿಗೆ.

ಅಮಾವಾಸ್ಯೆಯ ದಿನ ಅಲ್ಲಿ ಮಗ್ಗ ಮುಟ್ಟುವುದಿಲ್ಲ. ಅಂದು ಬೆಳಿಗ್ಗೆ ಬೇವಿನ ಕಟ್ಟೆಯ ಮೇಲೆ ಸಭೆ ಸೇರಿತು. ಓಣಿಯ ಹಿರಿಯ ಪರಪ್ಪಜ್ಜ ನಡುವೆ ಕೂತ. ಮಾಸ್ತರ ನನ್ನನ್ನು ಬಿಡಿಸಿ, ಓದಿ, ಕನ್ನಡದಲ್ಲಿ ಹೇಳುತ್ತ ಹೋದ. ರವಿಕೆಗೆ ಕಡ್ಡಿ ಹೊಲಿಯುತ್ತಿದ್ದವನ ಕಥೆ ಬಂದಾಗ ಕುಪ್ಪಸದ ಖಣ ನೇಯುವ ಆ ಜನ ಕುಣಿದಾಡಿಬಿಟ್ಟರು.

“ಹಂಗಾರ ಅವ ನಮ್ಮ ಕಸಬಿನಾವ! ನಾವು ಖಣ ನೇಯ್ತೀವಿ, ಅವ ಹೊಲೀತಿದ್ದ!”

“ಅಜ್ಜಾ, ನೀನss ಅಧ್ಯಕ್ಷ. ಸಾಯೂತನಕ!” ಎಂದ ಒಬ್ಬ.

“ಭಾಳ ದಿನ ಏನಿಲ್ಲ ಬಿಡ್ರಿ,” ಎಂದು ಅಜ್ಜ ಮೀಸೆಯಲ್ಲೇ ನಕ್ಕ.

ಮಾಸ್ತರ ಗಂಟಲು ಸರಿಮಾಡಿಕೊಂಡ. “ಎರಡು ವರ್ಷ ಅಷ್ಟss ಅಜ್ಜಾರ. ಆಮ್ಯಾಲೆ ಮತ್ತ ಆರಿಸಬೇಕು. ಅಧ್ಯಕ್ಷರು ದಾರಿ ತಪ್ಪಿದ್ರ ಕೈ ಹಿಡಿದು ತಡ್ಯಾಕ ಒಂದು ಮಂಡಳಿ ಇರಬೇಕು.”

“ನನ್ನ ಮ್ಯಾಲೆ ನಂಬಿಕಿ ಇಲ್ಲೇನು ಮಾಸ್ತರ?”

“ನಿಮ್ಮ ಮ್ಯಾಲೆ ಐತ್ರಿ. ಅದಕ್ಕss ಈಗ ಬರೀಬೇಕು. ಎತ್ತು ಸಾಧು ಇದ್ದಾಗ ಮೂಗುದಾರ ಹಾಕಿದ್ರ ಹಾಕಿಸ್ಕೋತೈತಿ. ಹಾಯಾಕ ಕಲ್ತ ಮ್ಯಾಲೆ ಹಾಕ್ಸಿಕೊಳ್ಳಂಗಿಲ್ಲ.”

ಅಜ್ಜ ಎರಡು ಗಳಿಗೆ ಮುಖ ಊದಿಸಿಕೊಂಡಿದ್ದ. ಆಮೇಲೆ, “ಬರಕೊ,” ಎಂದ. ಮಾಸ್ತರ ಹೇಳಿದ ಮಾತು ನನ್ನ ಇನ್ನೂರನೆಯ ಪುಟದ್ದು. ಎತ್ತು ಮಾತ್ರ ಮಾಸ್ತರನದು.

ಮುಂದಿನ ನಿಯಮವನ್ನು ಮಾಸ್ತರ ಗಟ್ಟಿಯಾಗಿ ಓದಿದ. ಮಗ್ಗಕ್ಕೊಂದು ಸದಸ್ಯತ್ವ, ಒಂದು ಮತ, ಮನೆಯ ಗಂಡಸಿನ ಹೆಸರಿಗೆ.

ಕಟ್ಟೆಯ ಎದುರಿನ ಜಗಲಿಯಿಂದ ಒಂದು ದನಿ ಬಂತು. “ನನ್ನ ಮಗ್ಗದ್ದು?”

ಅವಳು ಮುರಿಗೆವ್ವ. ಆ ಓಣಿಯಲ್ಲಿ ಹೆಂಗಸರು ಉದ್ದೆಳೆಯ ಹಾಸು ಹೂಡುತ್ತಿದ್ದರು, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮಗ್ಗದ ಕೆಳಗೆ ತೋಡಿದ ಕುಣಿಗಿಳಿದು ನೇಯುತ್ತಿದ್ದವರು ಗಂಡಸರು. ಗಂಡ ತೀರಿಕೊಂಡ ಹದಿನಾಲ್ಕನೆಯ ದಿನ ಮುರಿಗೆವ್ವ ಕುಣಿಗೆ ಇಳಿದವಳು, ಎರಡು ವರ್ಷವಾದರೂ ಮೇಲೆದ್ದಿರಲಿಲ್ಲ. ಆ ಮಗ್ಗದ ಮೇಲೇ ಅವಳೂ ಎರಡು ಹೆಣ್ಣುಮಕ್ಕಳೂ ಉಣ್ಣುತ್ತಿದ್ದರು.

“ಅವಳ ಮಗ್ಗ ನನ್ನ ಹೆಸರಿಗೆ ಬರ್ಕೊಳ್ರಿ,” ಎಂದ ಕಲ್ಲಪ್ಪ. ಅವನು ಅವಳ ಗಂಡನ ಅಣ್ಣ. “ನೂಲು ನಾ ತರ್ತೀನಿ, ಮಗ್ಗ ನಮ್ಮ ಮನ್ಯಾಗ ಇಡಸ್ತೀನಿ. ಆಕಿ ಕಂಡಿಕಿ ಸುತ್ಲಿ.”

ಮುರಿಗೆವ್ವ ಅವನ ಕಡೆ ನೋಡಲೇ ಇಲ್ಲ. “ಮಾಸ್ತರ್ರ, ಸಂಘಕ್ಕಂತ ಮಗ್ಗಕ್ಕೊಂದು ಖಣ ಎತ್ತಿದ್ರಿ. ನಂದೂ ಒಯ್ದ್ರಿ. ನನ್ನ ಖಣ ಬೇಕು, ನನ್ನ ಮಾತು ಬ್ಯಾಡೇನು?”

ಕೇಳದೆ ಸುಂಕ ಹಾಕಿದ್ದಕ್ಕೆ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದವರ ಮಾತು ಅದು! ನನ್ನಿಂದಲೇ ಕದ್ದಳು ಎಂದು ಕೂಗಬೇಕೆನಿಸಿತು. ಆದರೆ ಅವಳಿಗೆ ಓದಲು ಬಾರದು.

“ಅದು ಬ್ಯಾರೆ ಮಾತವ್ವಾ,” ಎಂದ ಮಾಸ್ತರ, ನೆಲ ನೋಡುತ್ತ.

“ಮುಂದಿನ ಅಮಾಸಿಗೆ ನಿಕ್ಕಿ ಮಾಡೂಣು,” ಎಂದ ಅಜ್ಜ.

“ಹಂಗಾರ ಅಲ್ಲೀತನಕ ಆ ಪುಸ್ತಕ ನನ್ನ ಹಂತ್ಯಾಕ ಇರ್ಲಿ.”

ಕಲ್ಲಪ್ಪ ಗಹಗಹಿಸಿದ. “ಓದಾಕ ಬರ್ತೈತೇನು ನಿನಗ?”

“ನೋಡಾಕ ಬರ್ತೈತಿ.”

ಅಯ್ಯೋ, ಆ ತಿಂಗಳು ನಾನು ಪಟ್ಟ ಪಾಡೇ! ಮಹಾರಾಜರನ್ನು ಮಣಿಸಿದ ನನ್ನನ್ನು ಅವಳು ಮಡಿಚಿಟ್ಟ ಖಣಗಳ ಮೇಲೆ ಭಾರಕ್ಕೆ ಇಟ್ಟಳು. ಅವಳ ಸಣ್ಣ ಮಗಳು ನನ್ನ ಮೇಲೆ ಕೂತು ಮಂಡಕ್ಕಿ ತಿಂದಳು. ಮನೆಯಲ್ಲಿ ಉಳಿದಿದ್ದ ನೂಲು ದಿನಕ್ಕೊಂದಿಷ್ಟು ಕರಗುತ್ತಿತ್ತು. ಮುರಿಗೆವ್ವ ಮಾತ್ರ ಲಾಳಿ ನಿಲ್ಲಿಸಲಿಲ್ಲ. ಉಣ್ಣುವ ಮೊದಲು ದಿನಾ ನನ್ನನ್ನು ತೆಗೆದು, ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ಬಟ್ಟೆಯಲ್ಲಿ ಒಂದೆಳೆ ತಪ್ಪಿದ್ದರೂ ಕತ್ತಲಲ್ಲೇ ಹಿಡಿಯುವ ಬೆರಳು ಅವು. ನಾಲ್ಕನೆಯ ದಿನ ಒಂದು ಕಡೆ ನಿಂತವು. ಇನ್ನೊಂದು ಕಡೆ ಮತ್ತೆ ನಿಂತವು.

ಮುಂದಿನ ಅಮಾವಾಸ್ಯೆ ಬಂತು. ಸಭೆ ಕೂಡಿದ ಕೂಡಲೇ ಅವಳು ನನ್ನನ್ನು ಅಜ್ಜನ ಮುಂದಿಟ್ಟಳು.

“ಅಜ್ಜಾ, ಇದರಾಗ ಎರಡು ಕಡಿ ಹಾಳಿ ಮುಚ್ಚ್ಯಾವ. ಮಾಸ್ತರ್ರು ಪೂರಾ ಓದಿಲ್ಲ. ಅರ್ಧ ಹಾಸು ನೋಡಿ ಸೀರಿ ಚಲೋ ಐತಂತ ಹೇಳ್ಯಾರ.”

ಮಾಸ್ತರ ಕೆಂಪಾದ. “ಅದು ಯಾವುದೋ ಹೆಣ್ಮಗಳ ಕಾಗದ...”

“ಹೆಣ್ಮಗಳದೇನು?” ಮುರಿಗೆವ್ವ ಸೊಂಟದಿಂದ ಎಳೆ ಕತ್ತರಿಸುವ ಚೂರಿ ತೆಗೆದಳು. “ಹಂಗಾರ ಇದನ್ನ ಮೊದ್ಲ ಓದ್ರಿ.”

ಸರ್ರನೆ ಕೊಯ್ದಳು. ಐವತ್ತು ವರ್ಷದ ಕತ್ತಲೆಗೆ ಬಿಸಿಲು ಬಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಕಚಗುಳಿಯಾಯಿತು, ಭಯವೂ ಆಯಿತು.

ಮಾಸ್ತರ ಮೊದಲು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ದನಿ ಇಳಿದಿತ್ತು.

“ಗಂಡ ದೂರದ ಊರಾಗ ದೇಶದ ಹೊಸಾ ಕಾನೂನು ಬರ್ಯಾಕ ಕುಂತಾನ. ಹೇಂತಿ ಮನಿಯಿಂದ ಬರೀತಾಳ. ಬರ್ಯಾಕ ಕುಂತೀರಿ, ಹೆಣ್ಮಕ್ಕಳನ್ನ ಮರೀಬ್ಯಾಡ್ರಿ ಅಂತಾಳ. ಎಲ್ಲಾ ಗಂಡಸರ ಕೈಯಾಗ ಕೊಟ್ರ ಅವರೂ ರಾಜರಾಗ್ತಾರ ಅಂತಾಳ.”

ಬೇವಿನ ಮರದಲ್ಲಿ ಕಾಗೆಯೂ ಸುಮ್ಮನಾಯಿತು. ಆಗಲಿಲ್ಲ ಎನ್ನುವವರು ನನ್ನೆದುರು ಬಂದು ಹೇಳಲಿ.

“ಗಂಡ ಏನಂದ?” ಎಂದ ಪರಪ್ಪಜ್ಜ.

“ನಕ್ಕನಂತ್ರಿ.”

“ನಕ್ಕು?”

“ಬರೀಲಿಲ್ಲ.”

“ಮತ್ತ ಅಲ್ಲಿ ಹೆಂಗಸರಿಗೆ ಎಂದು ಸಿಕ್ತು?”

ಮಾಸ್ತರ ಬೆರಳು ಮಡಿಚಿ ಲೆಕ್ಕ ಹಾಕಿದ. “ನೂರಾ ನಲವತ್ತು ವರ್ಷ ಹಿಡೀತ್ರಿ.”

ಮುರಿಗೆವ್ವ ಚೂರಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು. “ನನ್ನ ಹಂತ್ಯಾಕ ಅಷ್ಟು ನೂಲಿಲ್ಲ ಅಜ್ಜಾ. ನಾಳೆ ಮಧ್ಯಾಹ್ನದ ತನಕ ಅಷ್ಟss ಐತಿ.”

ಅಜ್ಜ ತನ್ನ ಅಂಗೈ ನೋಡಿಕೊಂಡ. ಎಪ್ಪತ್ತು ವರ್ಷ ಲಾಳಿಯ ದಾರ ಎಳೆದು ಎಮ್ಮೆಯ ತೊಗಲಾದ ಅಂಗೈ.

“ಮಾಸ್ತರ, ಗಂಡಸು ಅನ್ನೋದು ಹೊಡದು ಹಾಕು. ಮಗ್ಗ ಯಾರ ಕೈಯಾಗ ನಡೀತೈತೋ ಅವರ ಹೆಸರಿಗೆ ಅಂತ ಬರಿ. ಒಪ್ಪಿದವರು ಆ ಬುಟ್ಟ್ಯಾಗ ಕಂಡಿಕಿ ಹಾಕ್ರಿ, ಒಪ್ಪದವರು ಈ ಬುಟ್ಟ್ಯಾಗ.”

ಮುರಿಗೆವ್ವನ ಮಗ್ಗ ಬಿಟ್ಟು ಉಳಿದ ಮೂವತ್ತೇಳರಲ್ಲಿ ಇಪ್ಪತ್ಮೂರು ಆ ಬುಟ್ಟಿಗೆ, ಹದಿನಾಲ್ಕು ಈ ಬುಟ್ಟಿಗೆ. ಕಲ್ಲಪ್ಪ ತನ್ನ ಕಂಡಿಕೆಯನ್ನು ಬೀಸಿ ಒಗೆದ. ಅದು ಪುಟಿದು ಒಪ್ಪಿದವರ ಬುಟ್ಟಿಗೆ ಬೀಳುವುದರಲ್ಲಿತ್ತು, ಕೂದಲೆಳೆಯಲ್ಲಿ ತಪ್ಪಿತು. ಮರುದಿನ ಸಂಘದ ಮೊದಲ ನೂಲಿನ ಕಟ್ಟು ಮುರಿಗೆವ್ವನ ಹೆಸರಿಗೆ ಹೋಯಿತು. ಮಾಸ್ತರ ನನ್ನನ್ನೂ ಅವಳಿಗೇ ಕೊಟ್ಟ. “ಓದಿದವಗಿಂತ ಕೊಯ್ದಾಕಿಗಿ ಸಲ್ಲಬೇಕು,” ಎಂದ.

ಅಂದಿನಿಂದ ನಾನು ಅವಳ ಮನೆಯ ಗೋಡೆಯ ಗೂಡಿನಲ್ಲಿದ್ದೇನೆ. ಮೂವತ್ತು ವರ್ಷ ಕಳೆಯಿತು. ಬೆನ್ನಿನ ಹೊಲಿಗೆ ಬಿಟ್ಟಿದೆ. ಇಲಿಯೊಂದು ನನ್ನ ಮುನ್ನುಡಿಯನ್ನು ಪೂರಾ ತಿಂದಿತು. ಅದು ಈಗ ಊರ ಇಲಿಗಳಿಗೆಲ್ಲ ನ್ಯಾಯ ಹೇಳುತ್ತಿದೆಯೆಂದು ಕೇಳಿದ್ದೇನೆ. ಕೊಯ್ದ ಪುಟದ ನಡುವೆ ಮುರಿಗೆವ್ವನ ಸದಸ್ಯತ್ವದ ಚೀಟಿಯಿದೆ. ಇನ್ನೊಂದು ಮಡಿಕೆ, ‘ಗುಲಾಮರ ಅರ್ಜಿ’ಯದು, ಯಾರೂ ಕೇಳದೆ ಹಾಗೇ ಉಳಿದಿತ್ತು. ಸಂಘ ಬೆಳೆಯಿತು, ಬಣ್ಣದ ಮನೆ ಕಟ್ಟಿತು, ಮುರಿಗೆವ್ವ ಮಂಡಳಿಗೆ ಬಂದಳು.

ಮೊನ್ನೆ ಮುಂಜಾನೆ ಬಾಗಿಲಲ್ಲಿ ಹಸೀನಾಬಿ ಬಂದು ನಿಂತಳು. ಬಣ್ಣದ ಮನೆಯಲ್ಲಿ ನೂಲು ಅದ್ದುವ ಹನ್ನೊಂದು ಜನರಲ್ಲಿ ಒಬ್ಬಳು. ಮೊಣಕೈವರೆಗೆ ನೀಲಿ.

“ಯಕ್ಕಾ, ನಮಗೂ ಮತ ಬೇಕಂತ ಹೇಳಾಕ ಬಂದೀನಿ. ನಾವು ಅದ್ದಿದ ನೂಲss ನೀವೆಲ್ಲಾ ನೇಯೂದು.”

“ನಿಮಗ ಮಗ್ಗss ಇಲ್ಲಲ್ಲವಾ. ಅದು ಬ್ಯಾರೆ ಮಾತು,” ಎಂದಳು ಮುರಿಗೆವ್ವ.

ಹೇಳಿದವಳೇ ನಿಂತಲ್ಲೇ ನಿಂತಳು. ಆ ಮಾತು ಎಲ್ಲಿಯದೆಂದು ನನಗೂ ಅವಳಿಗೂ ಒಟ್ಟಿಗೇ ನೆನಪಾಯಿತು.

ಹಸೀನಾಬಿ ಜಗ್ಗಲಿಲ್ಲ. ಗೂಡಿನ ಕಡೆ ಗದ್ದ ತೋರಿಸಿದಳು. “ಆ ಪುಸ್ತಕದಾಗ ಇನ್ನೊಂದು ಹಾಳಿ ಮುಚ್ಚೈತಂತ. ಓಣಿ ಮಂದೆಲ್ಲಾ ಅಂತಾರ.”

ಮುರಿಗೆವ್ವ ನನ್ನನ್ನು ಇಳಿಸಿದಳು. ಧೂಳು ಝಾಡಿಸಿದಳು. ಅದೇ ಹಳೆಯ ಚೂರಿ, ತೇಯ್ದು ಅರ್ಧವಾದದ್ದು, ಸೊಂಟದಿಂದ ಹೊರಬಂತು. ಅವಳೇ ಕೊಯ್ಯುತ್ತಾಳೆಂದು ನಾನು ಮೈ ಬಿಗಿ ಹಿಡಿದೆ. ಅವಳು ಚೂರಿಯ ಹಿಡಿಕೆಯನ್ನು ಹಸೀನಾಬಿಯ ಕಡೆ ಚಾಚಿದಳು.

“ನನ್ನ ಕೈ ನೀಲಿ ಐತಿ ಯಕ್ಕಾ. ಹಾಳಿಗಿ ಹತ್ತತೈತಿ.”

“ಹತ್ಲಿ. ನೀನss ಕೊಯ್ಯಿ. ಓದಾಕ ಮಾಸ್ತರ್ರ ಮಗಳು ಅದಾಳ, ಕರಸ್ತೀನಿ.”

ಆ ಪುಟದಲ್ಲಿ ಏನಿದೆ? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹುಟ್ಟಿದಂದಿನಿಂದ ನಾನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು. ನೀಲಿ ಬೆರಳೊಂದು ಮಡಿಕೆಯ ಒಳಗೆ ಇಳಿಯಿತು. ಚೂರಿ ತಣ್ಣಗಿತ್ತು. ಕೊಯ್ಯಿ ತಾಯೀ, ನಾನು ಗಟ್ಟಿಯಾಗಿದ್ದೇನೆ.